ರಜೆಯಲ್ಲಿ ಗಂಟೆ ಹೊಡೆಯುವುದಿಲ್ಲ: ಒಂದು ಆಪ್ತಸಲಹೆ ಪ್ರಕರಣ

ಹುಡುಗಿಯ ಮತ್ತು ಅವಳ ಮನೆಯವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಬದಲಾಯಿಸಿದ್ದೇನೆ.

ರಜೆ ಶುರುವಾದ ಮೇಲೆ ಮಗಳು ಮೊದಲಿನಂತಿಲ್ಲ ಎಂಬುದು ತಾಯಿಯ ದೂರು. ವಯಸ್ಸು 15. ಹೈಸ್ಕೂಲಿನ ಕೊನೆಯ ವರ್ಷ ಎದುರಿಗಿದೆ. ರಾತ್ರಿ ಎರಡಾದರೂ ಮಲಗುವುದಿಲ್ಲ, ಏಳುವುದು ಮಧ್ಯಾಹ್ನ. ಪುಸ್ತಕ ಮುಟ್ಟುವುದಿಲ್ಲ. ಗದರಿದರೆ "ಓದಿ ಏನಾಗಬೇಕು?" ಅನ್ನುತ್ತಾಳೆ. "ಸೋಮಾರಿತನವೋ, ಫೋನಿನ ಚಟವೋ, ಇನ್ನೇನಾದರೂ ಇದೆಯೋ, ನೀವೇ ಕೇಳಿ ನೋಡಿ ಮೇಡಂ" ಅಂದರು. ತಂದೆ ಜಾಸ್ತಿ ಮಾತಾಡಲಿಲ್ಲ. ಕಳೆದ ಪರೀಕ್ಷೆಯಲ್ಲಿ ಮಾರ್ಕ್ಸ್ ಕಡಿಮೆಯಾಗಿದೆ ಅಂತಷ್ಟೇ ಹೇಳಿದರು.

ಅವರಿಬ್ಬರನ್ನೂ ಹೊರಗೆ ಕೂರಲು ಹೇಳಿ ಹುಡುಗಿಯ ಜೊತೆ ಮಾತಿಗೆ ಕೂತೆ. ನೀನು ಹೇಳಿದ್ದು ನನ್ನಲ್ಲೇ ಇರುತ್ತದೆ, ನಿನ್ನ ಜೀವಕ್ಕೆ ಅಪಾಯ ಇದೆ ಅನಿಸಿದರೆ ಮಾತ್ರ ಮನೆಯವರಿಗೆ ಹೇಳುತ್ತೇನೆ, ಅದನ್ನೂ ನಿನಗೆ ತಿಳಿಸಿಯೇ ಹೇಳುತ್ತೇನೆ ಅಂತ ಮೊದಲೇ ಸ್ಪಷ್ಟ ಮಾಡಿದೆ. ಈ ವಯಸ್ಸಿನವರು ಬಾಯಿ ಬಿಡುವುದು ಇಷ್ಟು ಖಾತರಿಯಾದ ಮೇಲೆಯೇ.

ಅವಳು ಹೆಚ್ಚು ಮಾತಾಡಲಿಲ್ಲ. ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದು "ಇದನ್ನೇ ಓದಿ" ಅಂದಳು. ರಜೆಯ ರಾತ್ರಿಗಳಲ್ಲಿ ಬರೆದದ್ದು. ಕೆಲವು ಸಾಲುಗಳನ್ನು ಅವಳ ಮಾತಲ್ಲೇ ಕೊಡುತ್ತೇನೆ.

"ಶಾಲೆಯಲ್ಲಿ ಪಿರಿಯಡ್ ಮುಗಿದ ತಕ್ಷಣ ಗಂಟೆ ಹೊಡೆಯುತ್ತೆ. ಯೋಚನೆ ಅಲ್ಲಿಗೇ ಬಿಟ್ಟು ಇನ್ನೊಂದು ಪುಸ್ತಕ ತೆಗೀಬೇಕು. ರಜೆಯಲ್ಲಿ ಗಂಟೆ ಇಲ್ಲ. ಯೋಚನೆ ನಿಲ್ಲೋದೇ ಇಲ್ಲ."

"ಭೂಮಿ ಬಿಸಿಯಾಗ್ತಿರೋದು ನಮ್ಮ ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆ. ಕಾರಣ ಎರಡು, ಪರಿಣಾಮ ಎರಡು, ಪರಿಹಾರ ಒಂದು. ನನಗೆ ಐದಕ್ಕೆ ಐದು ಬಂತು. ಅಂದ್ರೆ ಪರಿಹಾರ ಎಲ್ಲರಿಗೂ ಗೊತ್ತು. ಮತ್ಯಾಕೆ ಯಾರೂ ಮಾಡ್ತಿಲ್ಲ?"

"ರಜೆಯಲ್ಲಿ ಖುಷಿಯಾಗಿರು ಅಂತಾರೆ. ಖುಷಿಯಾದ್ರೆ ತಪ್ಪು ಮಾಡ್ತಿದೀನಿ ಅನ್ಸುತ್ತೆ. ಯುದ್ಧ ಆಗ್ತಿರೋ ಕಡೆ ನನ್ನ ವಯಸ್ಸಿನವರಿಗೆ ಶಾಲೆಯೂ ಇಲ್ಲ, ರಜೆಯೂ ಇಲ್ಲ."

ಸೋಮಾರಿ ಹುಡುಗಿ ಬರೆಯುವ ಸಾಲುಗಳಲ್ಲ ಇವು. "ಓದಿ ಏನಾಗಬೇಕು" ಎಂಬುದನ್ನು ಮನೆಯಲ್ಲಿ ಎದುರುತ್ತರ ಅಂದುಕೊಂಡಿದ್ದರು. ಅವಳಿಗೆ ಅದು ನಿಜವಾದ ಪ್ರಶ್ನೆ. ನಿಜವಾದ ಉತ್ತರಕ್ಕೆ ಕಾಯುತ್ತಿದ್ದಳು.

ಆದರೂ ನೋಟ್‌ಬುಕ್ ನೋಡಿ ಮೆಚ್ಚಿ ಕಳಿಸಿಬಿಡುವ ಹಾಗಿಲ್ಲ. ಜಗತ್ತಿನ ಚಿಂತೆಯ ಹಿಂದೆ ಖಿನ್ನತೆ ಅಡಗಿರಬಹುದು. ಊಟ, ತೂಕ, ಅಳು, ಗೆಳತಿಯರ ಜೊತೆ ಮಾತುಕತೆ, ಮೊದಲು ಇಷ್ಟವಾಗುತ್ತಿದ್ದ ಕೆಲಸ ಈಗಲೂ ಇಷ್ಟವಾಗುತ್ತದೆಯೇ, ಎಲ್ಲ ಕೇಳಿದೆ. ಸಾಯಬೇಕು ಅನಿಸಿದೆಯಾ ಅಂತಲೂ ನೇರವಾಗಿಯೇ ಕೇಳಿದೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂಬ ಭಯ ತುಂಬ ಜನರಿಗಿದೆ. ಹಾಗೇನೂ ಆಗುವುದಿಲ್ಲ. ಇದ್ದ ಯೋಚನೆಯನ್ನು ಹೇಳಿಕೊಳ್ಳಲು ಒಂದು ದಾರಿ ಸಿಗುತ್ತದೆ, ಅಷ್ಟೇ. ಅವಳು "ಇಲ್ಲ, ಹಾಗಲ್ಲ. ಬದುಕಬೇಕು ಅಂತಲೇ ಭಯ ಆಗೋದು" ಅಂದಳು. ಚಿತ್ರ ಬಿಡಿಸುವುದು ಅವಳಿಗೆ ಈಗಲೂ ಇಷ್ಟ. ಗೆಳತಿಯರ ಜೊತೆ ಮಾತು ಕಡಿಮೆಯಾಗಿತ್ತು, ನಿಂತಿರಲಿಲ್ಲ. ಖಿನ್ನತೆ ಅನ್ನುವಷ್ಟು ಲಕ್ಷಣ ಕಾಣಲಿಲ್ಲ. ನಿದ್ದೆ ಮಾತ್ರ ಪೂರ್ತಿ ಕೆಟ್ಟಿತ್ತು.

ರಾತ್ರಿ ಏನು ನೋಡುತ್ತೀಯ ಅಂತ ಕೇಳಿದೆ. ಕಾಡ್ಗಿಚ್ಚು, ಪ್ರವಾಹ, ಬಾಂಬ್ ಬಿದ್ದ ಕಟ್ಟಡ, ಮುಂದೆ ಎಲ್ಲ ಕೆಲಸವನ್ನೂ ಕಂಪ್ಯೂಟರೇ ಮಾಡುತ್ತದೆ ಎಂಬ ಭಾಷಣ. ಒಂದು ವಿಡಿಯೋ ಮುಗಿಯುತ್ತಿದ್ದಂತೆ ಅಂಥದ್ದೇ ಇನ್ನೊಂದು ತಾನಾಗಿ ಬರುತ್ತದೆ. ಪಕ್ಕದಲ್ಲಿ ಮಾತಾಡಲು ಯಾರೂ ಇಲ್ಲದ ಹೊತ್ತು ಅದು. ದೊಡ್ಡವರೂ ಅಷ್ಟು ಹೊತ್ತಿನಲ್ಲಿ ಅದನ್ನೆಲ್ಲ ನೋಡಿದರೆ ನಿದ್ದೆ ಮಾಡುವುದು ಕಷ್ಟ, ಅಲ್ವಾ?

ಅವಳಿಗೆ ಹೇಳಿದ ಮೊದಲ ವಿಷಯ, ಈ ಭಯ ಅವಳೊಬ್ಬಳದ್ದಲ್ಲ ಅನ್ನುವುದು. 2021ರಲ್ಲಿ ಹತ್ತು ದೇಶಗಳ 16ರಿಂದ 25 ವರ್ಷದೊಳಗಿನ 10,000 ಜನರನ್ನು ಹವಾಮಾನ ಬದಲಾವಣೆಯ ಬಗ್ಗೆ ಕೇಳಿದ ಒಂದು ಸಮೀಕ್ಷೆ 'ಲ್ಯಾನ್ಸೆಟ್ ಪ್ಲಾನೆಟರಿ ಹೆಲ್ತ್' ಪತ್ರಿಕೆಯಲ್ಲಿ ಬಂತು. ಅವರಲ್ಲಿ ನೂರಕ್ಕೆ 59 ಜನ ತುಂಬಾ ಅಥವಾ ವಿಪರೀತ ಚಿಂತೆ ಇದೆ ಎಂದಿದ್ದರು. ಶೇಕಡಾ 45ಕ್ಕಿಂತ ಹೆಚ್ಚು ಜನ ಇದರಿಂದ ದಿನದ ಬದುಕೇ ಏರುಪೇರಾಗಿದೆ ಎಂದಿದ್ದರು. ಹುಡುಗಿ ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. "ನನಗೊಬ್ಬಳಿಗೇ ತಲೆ ಕೆಟ್ಟಿದೆ ಅಂದ್ಕೊಂಡಿದ್ದೆ" ಅಂದಳು.

ಆಮೇಲೆ ಭಯದ ಒಳಗೆ ಏನಿದೆ ಅಂತ ಇಬ್ಬರೂ ಬಿಡಿಸಿ ನೋಡಿದೆವು. 2024ರಲ್ಲಿ ಭೂಮಿಯ ಸರಾಸರಿ ತಾಪಮಾನ ಕೈಗಾರಿಕಾ ಯುಗಕ್ಕೆ ಮುಂಚಿನದಕ್ಕಿಂತ 1.5 ಡಿಗ್ರಿ ಮೀರಿತು ಎಂಬ ಸುದ್ದಿ ಅವಳ ಕಣ್ಣಿಗೆ ಬಿದ್ದಿತ್ತು. ಗಡಿ ದಾಟಿತು, ಇನ್ನು ಮಾಡುವುದಕ್ಕೆ ಏನೂ ಉಳಿದಿಲ್ಲ ಅಂತ ತೀರ್ಮಾನಿಸಿದ್ದಳು. ಸುದ್ದಿ ನಿಜ. ತೀರ್ಮಾನ ಸರಿಯಲ್ಲ. ಬಿಸಿಯೇರಿಕೆಯನ್ನು 1.5 ಡಿಗ್ರಿಗೆ ಮಿತಿಗೊಳಿಸಲು ಯತ್ನಿಸಬೇಕು ಎಂಬ 2015ರ ಪ್ಯಾರಿಸ್ ಒಪ್ಪಂದದ ಗುರಿಯನ್ನು ಅಳೆಯುವುದು ಹಲವು ವರ್ಷಗಳ ಸರಾಸರಿಯಿಂದ, ಒಂದೇ ವರ್ಷದ ಲೆಕ್ಕದಿಂದಲ್ಲ. ಅದಕ್ಕಿಂತ ಮುಖ್ಯವಾದದ್ದು, 1.5 ಮೀರಿದ ದಿನ ಎಲ್ಲವೂ ಮುಗಿಯಿತು ಅಂತ ವಿಜ್ಞಾನ ಹೇಳುವುದಿಲ್ಲ. ಡಿಗ್ರಿಯ ಹತ್ತನೇ ಒಂದು ಭಾಗ ತಡೆದರೂ ಅಷ್ಟು ಹಾನಿ ತಪ್ಪುತ್ತದೆ. ಮಕ್ಕಳಿಗೆ "ಏನೂ ಆಗಲ್ಲ" ಅಂತ ಸುಳ್ಳು ಸಮಾಧಾನ ಹೇಳಬಾರದು. ಹಾಗೆಯೇ "ಎಲ್ಲಾ ಮುಗೀತು" ಎಂಬ ಸುಳ್ಳನ್ನೂ ಅವರ ತಲೆಯಲ್ಲಿ ಉಳಿಯಲು ಬಿಡಬಾರದು.

"ಹಾಗಾದ್ರೆ ಓದಿ ಏನಾಗುತ್ತೆ?" ಅಂತ ಮತ್ತೆ ಕೇಳಿದಳು. ಓಜೋನ್ ಪದರದ ಕಥೆ ಹೇಳಿದೆ. ಫ್ರಿಜ್ಜಿನಲ್ಲಿ, ಸ್ಪ್ರೇ ಡಬ್ಬಿಗಳಲ್ಲಿ ಬಳಸುತ್ತಿದ್ದ ರಾಸಾಯನಿಕಗಳು ಆ ಪದರವನ್ನು ತಿನ್ನಬಲ್ಲವು ಅಂತ ಮಾರಿಯೋ ಮೊಲೀನಾ ಮತ್ತು ಶೆರ್ವುಡ್ ರೋಲೆಂಡ್ ಎಂಬ ವಿಜ್ಞಾನಿಗಳು 1974ರಲ್ಲಿ ತೋರಿಸಿದರು. 1985ರಲ್ಲಿ ಅಂಟಾರ್ಕ್ಟಿಕಾದ ಮೇಲೆ ಪದರ ತೀರಾ ತೆಳುವಾಗಿರುವುದು ಜಗತ್ತಿಗೆ ಗೊತ್ತಾಯಿತು. 1987ರಲ್ಲಿ ಆ ರಾಸಾಯನಿಕಗಳ ಬಳಕೆಯನ್ನು ತಗ್ಗಿಸುವ ಮಾಂಟ್ರಿಯಲ್ ಒಪ್ಪಂದವಾಯಿತು. ಮುಂದೆ ಜಗತ್ತಿನ ಎಲ್ಲ ದೇಶಗಳೂ ಅದನ್ನು ಒಪ್ಪಿಕೊಂಡವು. ಈಗ ಪದರ ಚೇತರಿಸಿಕೊಳ್ಳುತ್ತಿದೆ. ಅಂಟಾರ್ಕ್ಟಿಕಾದ ಮೇಲೆ ಅದು 1980ರ ಮಟ್ಟಕ್ಕೆ ಮರಳುವುದು 2066ರ ಹೊತ್ತಿಗೆ ಎಂಬುದು ವಿಶ್ವಸಂಸ್ಥೆಯ ವಿಜ್ಞಾನಿಗಳ ಅಂದಾಜು.

"ಅಷ್ಟು ತಡವಾ?" ಅಂದಳು. ಹೌದು, ಅಷ್ಟು ತಡ. ಸ್ವಲ್ಪ ಯೋಚಿಸಿ ಅವಳೇ ಇನ್ನೊಂದು ಮಾತು ಹೇಳಿದಳು: "ಆದ್ರೆ ಆ ರಾಸಾಯನಿಕಕ್ಕೆ ಬದಲಿ ಹುಡುಕೋದು ಸುಲಭ. ಕಲ್ಲಿದ್ದಲು, ಪೆಟ್ರೋಲು ಎಲ್ಲಾ ಕಡೆನೂ ಇದೆ." ಸರಿಯಾದ ಮಾತು, ಒಪ್ಪಿಕೊಂಡೆ. ಓಜೋನಿನಷ್ಟು ಸುಲಭದಲ್ಲಿ ಇದು ಮುಗಿಯುವುದಿಲ್ಲ. ನಾನು ಹೇಳಬೇಕಾಗಿದ್ದದ್ದು ಬೇರೆ. ಆ ಗಾಳಿಯನ್ನು ಅಳೆದವರು, ಲೆಕ್ಕ ಹಾಕಿದವರು, ಬದಲಿ ರಾಸಾಯನಿಕ ಹುಡುಕಿದವರು, ಒಪ್ಪಂದದ ವಾಕ್ಯಗಳನ್ನು ಬರೆದವರು, ಎಲ್ಲರೂ ಒಂದು ಕಾಲಕ್ಕೆ ಬೇಸರದ ಪಿರಿಯಡ್‌ಗಳಲ್ಲಿ ಕೂತಿದ್ದವರೇ. ಈಗ ನೀನು ಕಂಡುಹಿಡಿದ ವ್ಯತ್ಯಾಸ ಐದು ಅಂಕದ ಉತ್ತರದಲ್ಲಿ ಇರಲಿಲ್ಲ, ಆದರೆ ಆ ಪಾಠ ಓದದೆ ನಿನಗೆ ಇದು ಹೊಳೆಯುತ್ತಲೂ ಇರಲಿಲ್ಲ ಅಂದೆ. ಅವತ್ತು ಅವಳು ಮೊದಲ ಸಲ ನಕ್ಕಳು.

ಖುಷಿಪಟ್ಟರೆ ತಪ್ಪು ಅನಿಸುತ್ತದೆ ಎಂಬ ಸಾಲು ನನ್ನನ್ನು ಬಹಳ ಹೊತ್ತು ಹಿಡಿದಿಟ್ಟಿತ್ತು. ಮನಸ್ಸು ಮೆದುವಾಗಿರುವ ಮಕ್ಕಳಲ್ಲೇ ಇದು ಹೆಚ್ಚು. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯಲ್ಲಿ 31ನೇ ವಿಧಿ ವಿಶ್ರಾಂತಿ, ಬಿಡುವು, ಆಟ ಇವನ್ನೂ ಮಗುವಿನ ಹಕ್ಕು ಎಂದೇ ಹೇಳುತ್ತದೆ. ಶಿಕ್ಷಣದ ಹಕ್ಕಿರುವ ಅದೇ ಪಟ್ಟಿಯಲ್ಲಿ ಇದೂ ಇದೆ. "ನಿನ್ನ ರಜೆ ಯಾರಿಂದಲೋ ಕಿತ್ತುಕೊಂಡದ್ದಲ್ಲ. ಅದು ಆ ಮಕ್ಕಳಿಗೂ ಸಿಗಬೇಕಿತ್ತು, ಸಿಕ್ಕಿಲ್ಲ. ನೀನು ನಿನ್ನದನ್ನು ಬಿಟ್ಟರೆ ಅದು ಅವರಿಗೆ ಹೋಗುವುದಿಲ್ಲ" ಅಂದೆ. ಸುಮ್ನೆ ಕೇಳಿಸಿಕೊಂಡಳು. ಒಪ್ಪಿದಳೋ ಇಲ್ಲವೋ ಅವತ್ತು ಗೊತ್ತಾಗಲಿಲ್ಲ.

ಇನ್ನು ದಿನನಿತ್ಯ ಏನು ಮಾಡಬೇಕು ಅನ್ನುವ ಮಾತು. ಮೊದಲು ನಿದ್ದೆ. ಹದಿಹರೆಯದಲ್ಲಿ ದೇಹದ ಗಡಿಯಾರವೇ ತಡವಾಗಿ ಓಡುತ್ತದೆ. ನಿದ್ದೆ ತರುವ ಮೆಲಟೋನಿನ್ ರಾತ್ರಿ ತಡವಾಗಿ ಏರುತ್ತದೆ. ಹಾಗಾಗಿ ಒಂಬತ್ತಕ್ಕೇ ಮಲಗು ಅಂತ ಗದರಿ ಪ್ರಯೋಜನವಿಲ್ಲ. 13ರಿಂದ 18ರ ವಯಸ್ಸಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಕೆಲವು ದಿನಕ್ಕೊಮ್ಮೆ ಅರ್ಧ ಗಂಟೆ ಬೇಗ ಏಳುತ್ತ ಬರುವುದು, ಎದ್ದ ತಕ್ಷಣ ಬೆಳಕಿಗೆ ಹೋಗುವುದು, ರಾತ್ರಿ ಫೋನು ಕೋಣೆಯಿಂದ ಹೊರಗೆ ಇಡುವುದು ಅಂತ ಮಾತಾಯಿತು. ಫೋನಿನ ಷರತ್ತಿಗೆ ಅವಳೂ ಒಂದು ಷರತ್ತು ಹಾಕಿದಳು: ಅಪ್ಪ ಅಮ್ಮನ ಫೋನೂ ಹೊರಗೇ ಇರಬೇಕು. ಅದು ನ್ಯಾಯ ಅಂತ ನನಗೂ ಅನಿಸಿತು.

ಸುದ್ದಿ ನೋಡಬೇಡ ಅನ್ನಲಿಲ್ಲ. ದಿನಕ್ಕೊಂದು ಹೊತ್ತು ಗೊತ್ತು ಮಾಡಿಕೊ, ಹಗಲಿನಲ್ಲೇ ಇರಲಿ, ವಿಡಿಯೋಗಿಂತ ಓದುವ ಸುದ್ದಿ ಇರಲಿ ಅಂದೆ. ಚಿಂತೆಗೂ ಒಂದು ಹೊತ್ತು. ಇದು ನನ್ನ ಹೊಸ ಉಪಾಯವಲ್ಲ. ಮನೋವಿಜ್ಞಾನಿ ಥಾಮಸ್ ಬೋರ್ಕೊವೆಕ್ ಮತ್ತು ಸಂಗಡಿಗರು 1983ರಲ್ಲೇ ಪರೀಕ್ಷಿಸಿದ ಕ್ರಮ. ದಿನಾ ಅದೇ ಜಾಗ, ಅದೇ ಅರ್ಧ ಗಂಟೆ. ಬೇರೆ ಹೊತ್ತಿನಲ್ಲಿ ಚಿಂತೆ ಬಂದರೆ "ನಿನ್ನ ಸಮಯಕ್ಕೆ ಬಾ" ಅಂತ ಮುಂದೂಡುವುದು. ಅವಳು ಸಂಜೆಯ ಹೊತ್ತು ಆರಿಸಿಕೊಂಡಳು. ನೋಟ್‌ಬುಕ್ ಇನ್ನು ರಾತ್ರಿ ತೆರೆಯುವಂತಿಲ್ಲ, ಸಂಜೆಯೇ ತೆರೆಯಬೇಕು. ಶಾಲೆಯಲ್ಲಿ ಗಂಟೆ ಮಾಡುತ್ತಿದ್ದ ಕೆಲಸವನ್ನು ರಜೆಯಲ್ಲಿ ಅವಳೇ ಮಾಡಬೇಕಿತ್ತು.

ಏನಾದರೂ ಮಾಡಬೇಕು ಎಂಬ ಆಸೆಯೂ ಅವಳಿಗಿತ್ತು. ಇಲ್ಲಿ ಸ್ವಲ್ಪ ಎಚ್ಚರ ಬೇಕು. ಸ್ವೀಡನ್ನಿನ ಮನೋವಿಜ್ಞಾನಿ ಮಾರಿಯಾ ಒಯಾಲ, ಮಕ್ಕಳು ಹವಾಮಾನದ ಚಿಂತೆಯನ್ನು ಹೇಗೆ ನಿಭಾಯಿಸುತ್ತಾರೆ ಅಂತ ವರ್ಷಗಟ್ಟಲೆ ನೋಡಿದ್ದಾರೆ. ಬರೀ ಪರಿಹಾರದ ಹಿಂದೆ ಬಿದ್ದ ಮಕ್ಕಳಲ್ಲಿ ಕೆಲಸವೂ ಜಾಸ್ತಿ, ಬೇಸರವೂ ಜಾಸ್ತಿ. ಜೊತೆಗೆ ಬೇರೆಯವರ ಮೇಲೆ ಭರವಸೆ, ಇದರಲ್ಲಿ ಅರ್ಥ ಇದೆ ಎಂಬ ಭಾವನೆ ಇದ್ದವರು ಹೆಚ್ಚು ಗಟ್ಟಿಯಾಗಿದ್ದರು. ಹಾಗಾಗಿ ಒಬ್ಬಳೇ ಮಾಡುವ ಯಾವ ಕೆಲಸವನ್ನೂ ನಾನು ಸೂಚಿಸಲಿಲ್ಲ. ಗೆಳತಿಯರ ಜೊತೆ ಸೇರಿ ಶಾಲೆಯಲ್ಲಿ ಎಲ್ಲೆಲ್ಲಿ ಕರೆಂಟು ಸುಮ್ನೆ ಹಾಳಾಗುತ್ತದೆ ಎಂದು ಪಟ್ಟಿ ಮಾಡಿ ಹೆಡ್‌ಮಾಸ್ಟರಿಗೆ ಕೊಡುವ ಯೋಚನೆ ಅವಳದೇ. ಒಳ್ಳೆಯ ಅಳತೆಯ ಕೆಲಸ. ಭೂಮಿಯನ್ನು ಉಳಿಸುವ ಹೊಣೆ ಮಾತ್ರ 15 ವರ್ಷದವರ ಮೇಲಿಲ್ಲ, ಅದನ್ನೂ ಸ್ಪಷ್ಟವಾಗಿ ಹೇಳಿದೆ.

ರಜೆಯ ಓದಿಗೆ ಬೆಳಗಿನ ಒಂದು ಗಂಟೆ ಸಾಕು ಅಂತ ನಿರ್ಧರಿಸಿದೆವು. ಓದಿದ್ದನ್ನೇ ತಿರುಗಿಸಿ ಓದುವ ಬದಲು ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ನೋಡುವುದು. ಹಾಗೆ ಮಾಡಿದರೆ ವಾರದ ನಂತರವೂ ಹೆಚ್ಚು ನೆನಪಿರುತ್ತದೆ ಅಂತ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕ್ ಅವರ 2006ರ ಪ್ರಯೋಗದಲ್ಲಿ ಕಂಡುಬಂದಿದೆ.

ಆಮೇಲೆ ತಂದೆ ತಾಯಿಯನ್ನು ಒಳಗೆ ಕರೆದೆ. ಏನು ಹೇಳಬಹುದು ಅಂತ ಹುಡುಗಿಯನ್ನು ಮೊದಲೇ ಕೇಳಿಕೊಂಡಿದ್ದೆ. ತಾಯಿ ಇಷ್ಟು ದಿನ "ಅದೆಲ್ಲ ಯೋಚಿಸಬೇಡ" ಅನ್ನುತ್ತಿದ್ದರು. ತಂದೆಯದು "ಮೊದಲು ಮಾರ್ಕ್ಸ್, ಆಮೇಲೆ ಪ್ರಪಂಚ". ಎರಡೂ ಪ್ರೀತಿಯಿಂದಲೇ ಬಂದ ಮಾತು. ಆದರೆ ಯೋಚಿಸಬೇಡ ಅಂದಷ್ಟೂ ಯೋಚನೆ ಮರುಕಳಿಸುತ್ತದೆ. ಬಿಳಿ ಕರಡಿಯನ್ನು ನೆನೆಯಬೇಡಿ ಅಂದಾಗ ಜನ ಅದನ್ನೇ ನೆನೆಯುತ್ತಾರೆ ಅಂತ ಮನೋವಿಜ್ಞಾನಿ ಡೇನಿಯಲ್ ವೆಗ್ನರ್ 1987ರಲ್ಲಿ ತೋರಿಸಿದ್ದರು. "ನಿನಗೆ ಯಾವುದು ಜಾಸ್ತಿ ಭಯ?" ಅಂತ ಕೇಳಿ, ಉತ್ತರ ಮುಗಿಯುವವರೆಗೂ ಮಧ್ಯೆ ಮಾತಾಡಬೇಡಿ ಅಂತ ಹೇಳಿದೆ.

ತಂದೆ ತಲೆ ತಗ್ಗಿಸಿ ಕೂತಿದ್ದರು. ಆಮೇಲೆ ಮಗಳ ಕಡೆ ತಿರುಗಿ "ನನಗೂ ಭಯ ಇದೆ ಮಗಳೇ. ಅದಕ್ಕೇ ಮಾರ್ಕ್ಸ್ ಮಾರ್ಕ್ಸ್ ಅಂತೀನಿ. ನಿನಗೆ ಕೈಯಲ್ಲಿ ಏನಾದರೂ ಇರಲಿ ಅಂತ" ಅಂದರು. ಅವಳಿಗೆ ಇದು ಹೊಸ ಸುದ್ದಿ. ಅಪ್ಪನಿಗೆ ಜಗತ್ತಿನ ಪರಿವೆಯೇ ಇಲ್ಲ ಅಂದುಕೊಂಡಿದ್ದಳು. ನಾನು ಕೊಟ್ಟ ಸಲಹೆಗಳಿಗಿಂತ ಈ ಒಂದು ಮಾತು ಅವಳ ಮೇಲೆ ಹೆಚ್ಚು ಕೆಲಸ ಮಾಡಿತು ಅಂತ ನನ್ನ ನಂಬಿಕೆ. ಮಕ್ಕಳನ್ನು ಹೆದರಿಸುವುದು ಬರೀ ಸುದ್ದಿಯಲ್ಲ. ಇದೆಲ್ಲ ಕಾಣುತ್ತಿರುವುದು ನನಗೊಬ್ಬಳಿಗೇ, ದೊಡ್ಡವರು ಯಾರೂ ನೋಡುತ್ತಲೇ ಇಲ್ಲ ಎಂಬ ಅನಿಸಿಕೆ ಅದಕ್ಕಿಂತ ಹೆಚ್ಚು ಹೆದರಿಸುತ್ತದೆ.

ರಜೆಯ ಮಿಕ್ಕ ಭಾಗಕ್ಕೆ ಎರಡು ಟ್ಯೂಷನ್ ಗೊತ್ತು ಮಾಡಿದ್ದರು. ಒಂದನ್ನು ಬಿಡಿಸಿದರು, ಇನ್ನೊಂದನ್ನು ಬಿಡಲು ತಂದೆಗೆ ಮನಸ್ಸಾಗಲಿಲ್ಲ. ಅಷ್ಟಾದರೂ ಆಯಿತಲ್ಲ ಅಂತ ನಾನೂ ಒತ್ತಾಯ ಮಾಡಲಿಲ್ಲ.

ಶಾಲೆ ತೆರೆಯುವ ಹೊತ್ತಿಗೆ ಮತ್ತೆ ಬಂದರು. ನಿದ್ದೆ ಬಹಳಷ್ಟು ಸರಿಹೋಗಿತ್ತು. ಯುದ್ಧದ ವಿಡಿಯೋ ಒಂದು ರಾತ್ರಿ ಕದ್ದು ನೋಡಿದೆ, ಮರುದಿನ ಕೈ ನಡುಗಿತು ಅಂತ ಅವಳೇ ಹೇಳಿದಳು. ಕೆಲಸದ ಭವಿಷ್ಯದ ಚಿಂತೆ ಹಾಗೇ ಇದೆ, ಅದರ ಬಗ್ಗೆ ನಾವಿನ್ನೂ ಸರಿಯಾಗಿ ಮಾತಾಡಿಲ್ಲ. ಖುಷಿಯ ವಿಷಯ ಕೇಳಿದಾಗ "ಈಗ ಸ್ವಲ್ಪ ಪರವಾಗಿಲ್ಲ" ಅಂದಳು. ವಿಜ್ಞಾನದ ಟೀಚರಿಗೆ ಅವಳ ಒಪ್ಪಿಗೆಯಿಂದ ಒಂದು ಪತ್ರ ಬರೆದೆ: ಹವಾಮಾನದ ಪಾಠ ಮುಗಿದ ಮೇಲೆ ಮಕ್ಕಳಿಗೆ ಹೇಗನಿಸಿತು ಅಂತ ಹೇಳಿಕೊಳ್ಳಲು ಹತ್ತು ನಿಮಿಷ ಕೊಡಿ, ಅದಕ್ಕೆ ಅಂಕ ಬೇಡ ಅಂತ.

ಮನೆಯವರಿಗೆ ಕೆಲವು ಲಕ್ಷಣಗಳನ್ನು ಬರೆದು ಕೊಟ್ಟಿದ್ದೇನೆ. ಎರಡು ವಾರಕ್ಕೂ ಮೀರಿ ಬೇಸರ ಬಿಡದಿದ್ದರೆ, ಊಟ ಬಿಟ್ಟರೆ, ಚಿತ್ರ ಬಿಡಿಸುವುದೂ ಬೇಡ ಅಂದರೆ, ಗೆಳತಿಯರಿಂದ ಪೂರ್ತಿ ದೂರವಾದರೆ ತಡಮಾಡದೆ ಬರಬೇಕು. ಸಾಯುವ ಮಾತು ಬಂದರೆ ಅದೇ ದಿನ ಮನೋವೈದ್ಯರ ಬಳಿ ಹೋಗಬೇಕು. ಅಂಥದ್ದೇನೂ ಇಲ್ಲದಿದ್ದರೆ ಮೊದಲ ಪರೀಕ್ಷೆ ಮುಗಿದ ವಾರ ಅವಳು ಬರುತ್ತಾಳೆ. ಕೆಲಸದ ಭವಿಷ್ಯದ ಮಾತನ್ನು ಆಗ ಎತ್ತಿಕೊಳ್ಳುತ್ತೇವೆ.