ಓದುಗರ ಪ್ರಶ್ನೆ: ಅಗ್ಗಕ್ಕೆ ಸಿಗುವ ರನ್ನಿಂಗ್ ಬ್ಯಾಕ್‌ಗಳನ್ನು ಗುರುತಿಸುವುದು ಹೇಗೆ?

ಆಗಸ್ಟ್ ಬಂತೆಂದರೆ ಅಮೆರಿಕದ ಆಫೀಸುಗಳಲ್ಲಿ ಫ್ಯಾಂಟಸಿ ಫುಟ್‌ಬಾಲ್ ಲೀಗ್‌ಗಳ ಮಾತು ಶುರುವಾಗುತ್ತದೆ: ಅಮೆರಿಕನ್ ಫುಟ್‌ಬಾಲ್‌ನ ನಿಜವಾದ ಆಟಗಾರರನ್ನು ಆರಿಸಿ ಕಾಲ್ಪನಿಕ ತಂಡ ಕಟ್ಟಿ, ಅವರ ಆಟದ ಅಂಕಗಳಿಂದ ಸ್ಪರ್ಧಿಸುವ ಆಟ. ಅಲ್ಲಿ ನೆಲೆಸಿರುವ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಹೆಚ್ಚಿನವು ರನ್ನಿಂಗ್ ಬ್ಯಾಕ್ (ಆರ್‌ಬಿ) ಬಗ್ಗೆಯೇ ಇದ್ದವು. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಈ ಆಟಗಾರರಿಗೇ ಈ ಸಲದ ಅಂಕಣ ಮೀಸಲು.

ಪ್ರಶ್ನೆ: ನನಗೆ ಗೊತ್ತಿರುವುದು ಡ್ರೀಮ್ ಇಲೆವೆನ್ ಮಾತ್ರ. ಆಫೀಸಿನ 12 ತಂಡಗಳ ಲೀಗ್‌ಗೆ ಸೇರಿಸಿಕೊಂಡಿದ್ದಾರೆ. ಹೆಸರು ಮಾಡಿದವರನ್ನು ಬಿಟ್ಟು ‘ಅಂಡರ್‌ವ್ಯಾಲ್ಯೂಡ್’ ಆರ್‌ಬಿಗಳನ್ನು ಯಾಕೆ ಹುಡುಕಬೇಕು? (ನೇಪರ್‌ವಿಲ್, ಇಲಿನಾಯ್)

ಕ್ರಿಕೆಟ್ ಆಪ್‌ನಲ್ಲಿ ಒಬ್ಬನೇ ಆಟಗಾರ ಲಕ್ಷ ತಂಡಗಳಲ್ಲಿ ಇರಬಹುದು. ಡ್ರಾಫ್ಟ್‌ನಲ್ಲಿ, ಅಂದರೆ ಲೀಗ್‌ನವರು ಸರದಿಯಂತೆ ಆಟಗಾರರನ್ನು ಆರಿಸುವಾಗ, ಒಬ್ಬರು ಎತ್ತಿಕೊಂಡರೆ ಉಳಿದ 11 ಮಂದಿಗೆ ಅವನು ಇಲ್ಲ. ಲೆಕ್ಕ ಹಾಕಿ ನೋಡಿ: ತಂಡಕ್ಕೆ ಇಬ್ಬರಂತೆ 12 ತಂಡಕ್ಕೆ 24 ಆರ್‌ಬಿ ಬೇಕು. ಫ್ಲೆಕ್ಸ್ ಜಾಗ (ಆರ್‌ಬಿಯನ್ನೋ ಬೇರೆ ಸ್ಥಾನದವನನ್ನೋ ಆಡಿಸಬಹುದಾದ ಜಾಗ) ಸೇರಿಸಿದರೆ 30 ದಾಟುತ್ತದೆ. ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಇರುವುದು 32 ತಂಡ. ಅವುಗಳಲ್ಲಿ ಹಲವು ಆ ಕೆಲಸವನ್ನು ಇಬ್ಬರಿಗೆ ಹಂಚುತ್ತವೆ. ಹಾಗಾಗಿ ಮೊದಲ ಸುತ್ತುಗಳಲ್ಲಿ ನಿಮ್ಮ ಪಾಲಿಗೆ ಬರುವುದು ಒಬ್ಬರು, ಹೆಚ್ಚೆಂದರೆ ಇಬ್ಬರು. ಅವರೂ ಕೈಕೊಡಬಹುದು: 2024ರಲ್ಲಿ ಬಹುಪಾಲು ಲೀಗ್‌ಗಳಲ್ಲಿ ಮೊದಲನೆಯವರಾಗಿ ಹೋದ ಕ್ರಿಶ್ಚಿಯನ್ ಮೆಕ್‌ಕ್ಯಾಫ್ರಿ ಗಾಯದಿಂದಾಗಿ ಆಡಿದ್ದು ಬರೀ 4 ಪಂದ್ಯ.

ಆಟಗಾರ ಸರಾಸರಿ ಎಷ್ಟನೆಯವನಾಗಿ ಆಯ್ಕೆಯಾಗುತ್ತಿದ್ದಾನೆ ಎಂಬ ಸಂಖ್ಯೆಗೆ ಎಡಿಪಿ ಎನ್ನುತ್ತಾರೆ. ಅದೇ ಅವನ ಬೆಲೆ. ಆ ಬೆಲೆಗಿಂತ ಅವನಿಗೆ ತಂಡದಲ್ಲಿ ಸಿಗಲಿರುವ ಕೆಲಸ ದೊಡ್ಡದಿದ್ದರೆ ಅವನು ಅಗ್ಗ. ಪ್ರತಿಭೆ ಎಷ್ಟಿದೆ ಎಂಬುದು ಆಮೇಲಿನ ಮಾತು. ಚೆಂಡು ಕೈಗೆ ಬಾರದ ಪ್ರತಿಭಾವಂತ ನಿಮ್ಮ ಬೆಂಚಿನ ಮೇಲೆ ಕೂತಿರುತ್ತಾನೆ, ಅಷ್ಟೆ.

ಪ್ರಶ್ನೆ: ಅಗ್ಗ ಎಂದು ಗುರುತಿಸಲು ಏನೇನು ನೋಡಬೇಕು? ಉದಾಹರಣೆ ಸಹಿತ ತಿಳಿಸಿ. (ಪ್ಲೇನೋ, ಟೆಕ್ಸಸ್)

ಮೊದಲು ಬೆಲೆ ಯಾಕೆ ಇಳಿದಿದೆ ಎಂದು ಕೇಳಿಕೊಳ್ಳಿ. ಕಾರಣ ಗೊತ್ತಾಗದೆ ಕೊಳ್ಳಬೇಡಿ.

ಹೆಚ್ಚು ಲಾಭ ಕೊಡುವುದು ‘ಯಾರು ಮುಖ್ಯ ಎಂದು ತೀರ್ಮಾನವಾಗದ’ ತಂಡಗಳು. ಪೈಪೋಟಿ ಇದೆ ಎಂದು ಜನ ಇಬ್ಬರನ್ನೂ ದೂರವಿಡುತ್ತಾರೆ, ಇಬ್ಬರೂ ಅಗ್ಗವಾಗುತ್ತಾರೆ. 2024ರಲ್ಲಿ ಕ್ಯಾರೊಲೈನಾ ಪ್ಯಾಂಥರ್ಸ್ ಎನ್‌ಎಫ್‌ಎಲ್‌ನದೇ ಡ್ರಾಫ್ಟ್‌ನ ಎರಡನೇ ಸುತ್ತಿನಲ್ಲಿ ಜೊನಾಥನ್ ಬ್ರೂಕ್ಸ್ ಎಂಬ ಹೊಸಬನನ್ನು ಆರಿಸಿತು. ಅಲ್ಲಿಗೆ ತಂಡದಲ್ಲಿ ಆಗಲೇ ಇದ್ದ ಚೂಬಾ ಹಬರ್ಡ್ ಕಥೆ ಮುಗಿಯಿತೆಂದು ಎಲ್ಲರೂ ಅಂದುಕೊಂಡರು. ಆದರೆ ಬ್ರೂಕ್ಸ್ ಮಂಡಿಯ ಎಸಿಎಲ್ ಎಂಬ ಅಸ್ಥಿರಜ್ಜು ಹರಿದುಕೊಂಡು ಇನ್ನೂ ಚೇತರಿಸಿಕೊಳ್ಳುತ್ತಿದ್ದರು, ಸೀಸನ್ ಶುರುವಾಗುವಾಗ ಆಡುವ ಸ್ಥಿತಿಯಲ್ಲಿ ಇರಲಿಲ್ಲ. ಇದು ಗುಟ್ಟೇನೂ ಆಗಿರಲಿಲ್ಲ. ಹಬರ್ಡ್ 1,195 ಯಾರ್ಡ್ ಓಡಿದರು, ಓಟದಿಂದ 10 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲ್ ಲೈನ್ ದಾಟಿಸುವುದು) ಗಳಿಸಿದರು. ಅದೇ ವರ್ಷ ಟ್ಯಾಂಪಾ ಬೇಯಲ್ಲಿ ರಶಾದ್ ವೈಟ್ ಮುಖ್ಯ ಓಟಗಾರ. ಆದರೆ ಹಿಂದಿನ ವರ್ಷ ಅವರು 272 ಕ್ಯಾರಿಗೆ (ಚೆಂಡು ಹಿಡಿದು ಓಡಿದ ಒಂದೊಂದು ಸಲವೂ ಒಂದು ಕ್ಯಾರಿ) 990 ಯಾರ್ಡ್ ಮಾತ್ರ ಓಡಿದ್ದರು, ಅಂದರೆ ಕ್ಯಾರಿಗೆ 3.6. ಇಷ್ಟು ಸಾಧಾರಣ ಓಟ ಇದ್ದಲ್ಲಿ ಎರಡನೆಯವನಿಗೆ ಬಾಗಿಲು ತೆರೆದೇ ಇರುತ್ತದೆ. ನಾಲ್ಕನೇ ಸುತ್ತಿನ ಹೊಸಬ ಬಕ್ಕಿ ಅರ್ವಿಂಗ್ ಒಳಗೆ ಬಂದು 1,122 ಯಾರ್ಡ್ ಓಡಿದರು.

ಎರಡನೆಯದು ಟಚ್‌ಡೌನ್ ಅದೃಷ್ಟ. 2023ರಲ್ಲಿ ಬಫಲೊದ ಜೇಮ್ಸ್ ಕುಕ್ 1,122 ಯಾರ್ಡ್ ಓಡಿಯೂ ಓಟದಿಂದ ಗಳಿಸಿದ ಟಚ್‌ಡೌನ್ ಎರಡೇ ಎರಡು. ಚೆಂಡು ಎಸೆಯುವ ಕೆಲಸದ ಕ್ವಾರ್ಟರ್‌ಬ್ಯಾಕ್ ಜೋಶ್ ಅಲೆನ್ ತಾವೇ ನುಗ್ಗಿ 15 ಹೊಡೆದಿದ್ದರು. ಮರುವರ್ಷ ಕುಕ್ 1,009 ಯಾರ್ಡ್‌ಗೆ 16 ಟಚ್‌ಡೌನ್ ಗಳಿಸಿದರು. ಯಾರ್ಡ್ ಕಡಿಮೆಯಾಗಿ ಅಂಕ ಜಾಸ್ತಿಯಾಯಿತು. ಇದೇ ಲೆಕ್ಕ ತಿರುಗುಮುರುಗಾಗಿಯೂ ನಡೆಯುತ್ತದೆ. ರಹೀಮ್ ಮೋಸ್ಟರ್ಟ್ 2023ರಲ್ಲಿ ಓಟದಿಂದ 18 ಗಳಿಸಿ 2024ರಲ್ಲಿ ಎರಡಕ್ಕೆ ಇಳಿದರು. ಗಸ್ ಎಡ್ವರ್ಡ್ಸ್ 13ರಿಂದ ನಾಲ್ಕಕ್ಕೆ ಇಳಿದರು. ಕಳೆದ ವರ್ಷದ ಅಂಕಪಟ್ಟಿ ನೋಡುವಾಗ ಟಚ್‌ಡೌನ್ ಕಾಲಂ ಅನ್ನು ಕೈಯಿಂದ ಮುಚ್ಚಿ, ಉಳಿದದ್ದನ್ನು ಓದಿ. ಕ್ಯಾರಿ, ಟಾರ್ಗೆಟ್ (ಅವನತ್ತ ಎಸೆದ ಪಾಸ್), ಮೈದಾನದಲ್ಲಿದ್ದ ಹೊತ್ತು ಇವು ವರ್ಷದಿಂದ ವರ್ಷಕ್ಕೆ ಅಷ್ಟು ಏರುಪೇರಾಗುವುದಿಲ್ಲ.

ವಯಸ್ಸಿನ ವಿಚಾರದಲ್ಲಿ ಸ್ವಲ್ಪ ಎಚ್ಚರ. 30 ದಾಟಿದ ಆರ್‌ಬಿ ಎಂದರೆ ಜನ ಹೆದರುತ್ತಾರೆ, ಆ ಹೆದರಿಕೆ ಪೂರ್ತಿ ಸುಳ್ಳೂ ಅಲ್ಲ. ಆದರೂ ಡೆರಿಕ್ ಹೆನ್ರಿ 30ರಲ್ಲಿ ಬಾಲ್ಟಿಮೋರ್‌ಗೆ ಬಂದು 2024ರಲ್ಲಿ 1,921 ಯಾರ್ಡ್ ಓಡಿದರು. ವಯಸ್ಸಾದವರು ಕೊಳ್ಳಲು ಯೋಗ್ಯರಾಗುವುದು ತಂಡದ ದಾಳಿ ಬಲವಾಗಿದ್ದು, ಹಿಂದೆ ಗಟ್ಟಿ ಪ್ರತಿಸ್ಪರ್ಧಿ ಇಲ್ಲದಿದ್ದಾಗ. ಮೋಸ್ಟರ್ಟ್ ಹಿಂದೆ ಡೆವಾನ್ ಎಚೇನ್ ಇದ್ದರು. 2024ರಲ್ಲಿ ಕೆಲಸ ಅವರ ಕೈಗೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ.

ಇನ್ನು ಗಾಯ ಮತ್ತು ನಿಷೇಧ. ಕೊನೆಯ ದಿನ ಗೊತ್ತಿರುವ ಗೈರುಹಾಜರಿಗೆ ಜನ ಮಿತಿಮೀರಿ ರಿಯಾಯಿತಿ ಕೊಡುತ್ತಾರೆ. ಅಲ್ವಿನ್ ಕಮಾರಾ 2023ರಲ್ಲಿ ಮೊದಲ 3 ಪಂದ್ಯ ನಿಷೇಧದಲ್ಲಿದ್ದರು. ಉಳಿದ ಪಂದ್ಯಗಳಲ್ಲಿ 13 ಆಡಿ 75 ಕ್ಯಾಚ್ ಹಿಡಿದರು. ಗಾಯ ಹಾಗಲ್ಲ. ಆಡಲು ದೈಹಿಕವಾಗಿ ಸಿದ್ಧರಿಲ್ಲದವರ ‘ಪಪ್’ ಪಟ್ಟಿಯಲ್ಲೇ ಸೀಸನ್ ಆರಂಭಿಸುವವನು ಕನಿಷ್ಠ ಮೊದಲ 4 ಪಂದ್ಯ ಆಡುವಂತಿಲ್ಲ, ಅಷ್ಟು ಮಾತ್ರ ಖಾತ್ರಿ. ನಿಮ್ಮ ಲೀಗ್‌ನಲ್ಲಿ ಐಆರ್ (ಗಾಯಾಳುಗಳನ್ನು ಇಡುವ) ಜಾಗ ಇದೆಯೇ, ಈ ಪಟ್ಟಿಯವರನ್ನು ಅಲ್ಲಿ ಇಡಲು ಬಿಡುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ. ಇಲ್ಲವಾದರೆ ಒಂದು ಬೆಂಚ್ ಸೀಟು ಒಂದು ತಿಂಗಳು ದಂಡ.

ಪ್ರಶ್ನೆ: ಕ್ಯಾರಿಗೆ ಸರಾಸರಿ ಯಾರ್ಡ್ ಜಾಸ್ತಿ ಇರುವವರನ್ನು ಆರಿಸಿದರೆ ಸಾಲದೇ? (ಎಡಿಸನ್, ನ್ಯೂಜೆರ್ಸಿ)

ಸಾಲದು. 80–100 ಕ್ಯಾರಿಯ ಸರಾಸರಿಯನ್ನು ಎರಡು ಉದ್ದ ಓಟಗಳೇ ಉಬ್ಬಿಸಿಬಿಡುತ್ತವೆ. ಆ ಎರಡನ್ನು ತೆಗೆದು ಮತ್ತೆ ಭಾಗಿಸಿ ನೋಡಿ.

ಪ್ರಶ್ನೆ: ನಮ್ಮದು ಹಾಫ್ ಪಿಪಿಆರ್, ಅಂದರೆ ಹಿಡಿದ ಪ್ರತಿ ಪಾಸ್‌ಗೆ ಅರ್ಧ ಅಂಕ. ಅದರಿಂದ ಆಯ್ಕೆ ಬದಲಾಗುತ್ತದೆಯೇ? (ಫ್ರೀಮಾಂಟ್, ಕ್ಯಾಲಿಫೋರ್ನಿಯ)

ಖಂಡಿತ. ಸೀಸನ್‌ಗೆ 60 ಕ್ಯಾಚ್ ಹಿಡಿಯುವ ಆರ್‌ಬಿಗೆ ಕ್ಯಾಚ್‌ನಿಂದಲೇ ಫುಲ್ ಪಿಪಿಆರ್‌ನಲ್ಲಿ 60 ಅಂಕ, ನಿಮ್ಮಲ್ಲಿ 30, ಸ್ಟ್ಯಾಂಡರ್ಡ್‌ನಲ್ಲಿ ಸೊನ್ನೆ. 60 ಅಂಕ ಅಂದರೆ 10 ಟಚ್‌ಡೌನ್‌ಗೆ ಸಮ. ಫುಲ್ ಪಿಪಿಆರ್‌ನಲ್ಲಿ ಮೂರನೇ ಡೌನ್‌ನಲ್ಲಿ (ಮೂರನೇ ಯತ್ನದಲ್ಲಿ) ಮೈದಾನಕ್ಕಿಳಿದು ಪಾಸ್ ಹಿಡಿಯುವ ‘ಎರಡನೆಯವನು’ ಕೊನೆಯ ಸುತ್ತುಗಳಲ್ಲಿ ಚಿನ್ನ. ಸ್ಟ್ಯಾಂಡರ್ಡ್‌ನಲ್ಲಿ ಗೋಲ್ ಲೈನ್ ಹತ್ತಿರ ಚೆಂಡು ಪಡೆಯುವವನೇ ಬೇಕು. ಹಾಫ್‌ನಲ್ಲಿ ಇಬ್ಬರೂ ಸರಿಸುಮಾರು ಸಮ. ಇನ್ನೊಂದು ವಿಷಯ: ತಾನೇ ಓಡುವ ಕ್ವಾರ್ಟರ್‌ಬ್ಯಾಕ್ ಇರುವ ತಂಡದಲ್ಲಿ ಆರ್‌ಬಿಗೆ ಎರಡೂ ಕಡೆ ಪೆಟ್ಟು. ಒತ್ತಡ ಬಂದಾಗ ಅವನು ಪಕ್ಕದಲ್ಲಿರುವ ಆರ್‌ಬಿಗೆ ಸಣ್ಣ ಪಾಸ್ ಕೊಡುವ ಬದಲು ಓಡಿಬಿಡುತ್ತಾನೆ. ಒಂದು ಯಾರ್ಡ್ ಉಳಿದಾಗಲೂ ತಾನೇ ನುಗ್ಗುತ್ತಾನೆ. ಫಿಲಡೆಲ್ಫಿಯಾದ ಜೇಲನ್ ಹರ್ಟ್ಸ್ ಕೂಡ 2023ರಲ್ಲಿ ಓಟದಿಂದ 15 ಟಚ್‌ಡೌನ್ ಹೊಡೆದಿದ್ದರು.

ಪ್ರಶ್ನೆ: 12 ತಂಡಗಳ ಸ್ನೇಕ್ ಡ್ರಾಫ್ಟ್‌ನಲ್ಲಿ (ಪ್ರತಿ ಸುತ್ತಿಗೂ ಸರದಿ ತಿರುಗುಮುರುಗಾಗುವ ಡ್ರಾಫ್ಟ್) ನನ್ನದು 8ನೇ ಸ್ಥಾನ. ಅಗ್ಗದವರಿಗಾಗಿ ಎಲ್ಲಿಯವರೆಗೆ ಕಾಯಬಹುದು? (ಕೇರಿ, ನಾರ್ತ್ ಕ್ಯಾರೊಲೈನಾ)

ನಿಮ್ಮ ಸರದಿಗಳನ್ನು ಮೊದಲು ಬರೆದಿಟ್ಟುಕೊಳ್ಳಿ: 8, 17, 32, 41, 56, 65, 80, 89, 104, 113, 128, 137. ನಡುವಿನ ಅಂತರ ಒಮ್ಮೆ 9, ಒಮ್ಮೆ 15. ನಿಮಗೆ ಬೇಕಾದವನ ಎಡಿಪಿ 70 ಇದ್ದರೆ 65ರಲ್ಲೇ ಎತ್ತಬೇಕು. ‘ಐದು ಸ್ಥಾನ ಮುಂಚೆ ಕೊಟ್ಟೆನಲ್ಲ’ ಎಂದು ಕೊರಗಬೇಡಿ, 80ರವರೆಗೆ ಅವನು ಉಳಿಯುವುದಿಲ್ಲ. ಎಡಿಪಿ 86 ಇದ್ದರೆ 80 ಬಿಟ್ಟು 89ಕ್ಕೆ ಕಾಯುವ ಜೂಜು ಆಡಬಹುದು, ಆದರೆ ಅದೇ ಮಟ್ಟದ ಇನ್ನೊಬ್ಬ ಉಳಿದಿದ್ದರೆ ಮಾತ್ರ.

8 ಅಥವಾ 17ರಲ್ಲಿ ಒಬ್ಬ ಗಟ್ಟಿ ಆರ್‌ಬಿ ತೆಗೆದುಕೊಳ್ಳಿ. ಇದಕ್ಕೆ ಹೀರೋ ಆರ್‌ಬಿ ಎನ್ನುತ್ತಾರೆ. ಆಮೇಲೆ 3ರಿಂದ 6ನೇ ಸುತ್ತಿನವರೆಗೆ ಹೆಚ್ಚಾಗಿ ಪಾಸ್ ಹಿಡಿಯುವ ರಿಸೀವರ್‌ಗಳತ್ತ ಹೋಗಿ. ಆ ಸುತ್ತುಗಳ ಆರ್‌ಬಿಗಳಿಗೆ ಡೆಡ್ ಝೋನ್ ಎಂಬ ಹೆಸರು ಬಿದ್ದಿದೆ, ಸುಮ್ಮನೆ ಬಿದ್ದದ್ದಲ್ಲ. ಆರ್‌ಬಿ ಖಾಲಿಯಾಗುತ್ತಿದ್ದಾರೆಂಬ ಗಾಬರಿಯಲ್ಲಿ ಜನ ಅಲ್ಲಿ ಸಾಧಾರಣ ಓಟಗಾರರಿಗೆ ಒಳ್ಳೆಯ ರಿಸೀವರ್‌ನ ಬೆಲೆ ತೆರುತ್ತಾರೆ. ನಿಮ್ಮ ಅಗ್ಗದ ಖರೀದಿ 80ರಿಂದ 137ರ ನಡುವೆ, ಆರು ಸರದಿಗಳಲ್ಲಿ ಕನಿಷ್ಠ ನಾಲ್ಕು ಆರ್‌ಬಿ. ನಾಲ್ವರಲ್ಲಿ ಇಬ್ಬರು ಏನೂ ಆಗುವುದಿಲ್ಲ ಎಂದು ಇಟ್ಟುಕೊಂಡೇ ಆರಿಸಿ. ಒಬ್ಬರನ್ನೇ ನಂಬಿದರೆ ಈ ಯೋಜನೆ ಕುಸಿಯುತ್ತದೆ.

ಎಡಿಪಿ ಆಪ್‌ನಿಂದ ಆಪ್‌ಗೆ ಬೇರೆ ಎಂಬುದನ್ನೂ ಮರೆಯಬೇಡಿ. ಆಫೀಸ್ ಲೀಗ್‌ನಲ್ಲಿ ಅರ್ಧ ಜನ ತೆರೆಯ ಮೇಲಿನ ಪಟ್ಟಿಯ ಮೊದಲ ಹೆಸರನ್ನೇ ಒತ್ತುತ್ತಾರೆ. ಇಎಸ್‌ಪಿಎನ್ ಆಪ್‌ನಲ್ಲಿ ಡ್ರಾಫ್ಟ್ ಇದ್ದರೆ ಅದರ ಪಟ್ಟಿಯನ್ನು ಯಾಹೂ, ಸ್ಲೀಪರ್ ಆಪ್‌ಗಳ ಪಟ್ಟಿಗಳ ಪಕ್ಕ ಇಟ್ಟು ನೋಡಿ. ಬೇರೆಡೆ 75ನೆಯವನಾಗಿ ಹೋಗುವವನು ನಿಮ್ಮ ಆಪ್‌ನಲ್ಲಿ 100ರ ಕೆಳಗೆ ಕೂತಿದ್ದರೆ ಅಲ್ಲೇ ನಿಮಗೆ ಎರಡು ಸುತ್ತು ಉಳಿಯಿತು.

ಪ್ರಶ್ನೆ: ನನ್ನ ಮುಖ್ಯ ಆರ್‌ಬಿಯ ಹಿಂದಿನವನನ್ನು, ಅಂದರೆ ಹ್ಯಾಂಡ್‌ಕಫ್ ಅನ್ನು, ನಾನೇ ತೆಗೆದುಕೊಳ್ಳಬೇಕೇ? (ಸಿಯಾಟಲ್)

ನಮ್ಮ ಮತ ಬೇರೆಯವರ ಹ್ಯಾಂಡ್‌ಕಫ್‌ಗೆ. ನಿಮ್ಮವನೇ ಗಾಯಗೊಂಡರೆ ಹಿಂದಿನವನು ನಷ್ಟ ತುಂಬುತ್ತಾನೆ, ಅದಕ್ಕಿಂತ ಹೆಚ್ಚೇನೂ ಇಲ್ಲ. ಎದುರಾಳಿಯ ಆಟಗಾರ ಗಾಯಗೊಂಡಾಗ ಅವನ ಹಿಂದಿನವನು ನಿಮ್ಮ ಬೆಂಚಿನಲ್ಲಿದ್ದರೆ ಅದು ಹೆಚ್ಚುವರಿ ಗಳಿಕೆ. ಹ್ಯಾಂಡ್‌ಕಫ್ ಯಾರೆಂದು ಖಚಿತವಾಗಿ ಗೊತ್ತಿರುವ ತಂಡಗಳನ್ನೇ ಆರಿಸಿ. 2024ರಲ್ಲಿ ಮೆಕ್‌ಕ್ಯಾಫ್ರಿಯ ಹಿಂದೆ ಎಲೈಜಾ ಮಿಚೆಲ್ ಎಂದು ನಂಬಿ ಬೇಗ ಡ್ರಾಫ್ಟ್ ಮಾಡಿದವರಿಗೆ ಏನೂ ದಕ್ಕಲಿಲ್ಲ. ಸೀಸನ್‌ಗೆ ಮೊದಲೇ ಮಿಚೆಲ್ ಗಾಯಾಳು ಪಟ್ಟಿ ಸೇರಿದರು. ಮೊದಲ ಪಂದ್ಯದಲ್ಲಿ 28 ಕ್ಯಾರಿಗೆ 147 ಯಾರ್ಡ್ ಓಡಿದವರು ಜೋರ್ಡನ್ ಮೇಸನ್. ಗಾಯವಾದಾಗ ಕೆಲಸ ಒಬ್ಬರಿಗೇ ಹೋಗದೆ ಎರಡು, ಮೂರು ಪಾಲಾಗುವ ತಂಡಗಳೂ ಉಂಟು, ಅಲ್ಲಿ ಹ್ಯಾಂಡ್‌ಕಫ್‌ಗೆ ದುಡ್ಡು ಸುರಿಯಬೇಡಿ. ಈಗಲೇ ವಾರಕ್ಕೆ 8–10 ಸಲ ಚೆಂಡು ಮುಟ್ಟುವ ಎರಡನೆಯವನು ಎಲ್ಲರಿಗಿಂತ ಉತ್ತಮ, ಕಾಯುವ ಹೊತ್ತಿನಲ್ಲೂ ಒಂದಿಷ್ಟು ಅಂಕ ತರುತ್ತಾನೆ. ಡೆಟ್ರಾಯಿಟ್‌ನ ಡೇವಿಡ್ ಮಾಂಟ್ಗಮರಿ 2024ರಲ್ಲಿ ಜಮೀರ್ ಗಿಬ್ಸ್‌ಗೆ ಎರಡನೆಯವರಾಗಿದ್ದೂ ಓಟದಿಂದ 12 ಟಚ್‌ಡೌನ್ ಗಳಿಸಿದ್ದರು.

ಪ್ರಶ್ನೆ: ನಮ್ಮದು ಸರದಿಯ ಬದಲು 200 ಡಾಲರ್ ಲೆಕ್ಕದ ಹರಾಜು. ಅಲ್ಲಿ ಅಗ್ಗದವರನ್ನು ಹಿಡಿಯುವುದು ಹೇಗೆ? (ಸ್ಯಾನ್ ಹೋಸೆ)

ನಿಮಗೆ ಬೇಡದ ದುಬಾರಿ ಹೆಸರುಗಳನ್ನು ಮೊದಲು ಹರಾಜಿಗೆ ಇಡಿ, ಬೇರೆಯವರ ದುಡ್ಡು ಕರಗಲಿ. ಅಗ್ಗದ ಆರ್‌ಬಿಗಳು ಸಿಗುವುದು ಹರಾಜಿನ ಅರ್ಧ ದಾಟಿದ ಮೇಲೆ. ಅಲ್ಲಿಗೆ ಬರುವಾಗ ಕೈಯಲ್ಲಿರುವ ಹಣದಲ್ಲಿ ಎಷ್ಟು ಕೂಗಬಹುದೆಂದು ಸದಾ ಗೊತ್ತಿರಬೇಕು: ಉಳಿದ ಹಣದಿಂದ, ತುಂಬಬೇಕಾದ ಜಾಗಗಳಲ್ಲಿ ಒಂದು ಕಡಿಮೆ ಮಾಡಿ ಕಳೆಯಿರಿ. 37 ಡಾಲರ್, 6 ಜಾಗ ಉಳಿದಿದ್ದರೆ ಗರಿಷ್ಠ ಕೂಗು 32. ಎಲ್ಲರ ಗರಿಷ್ಠವನ್ನೂ ಹೀಗೆ ಬರೆದುಕೊಳ್ಳುತ್ತಾ ಹೋದರೆ, ನಿಮ್ಮನ್ನು ಮೀರಿ ಕೂಗಲು ಯಾರಿಗೂ ಆಗದ ಕ್ಷಣ ಕಣ್ಣಿಗೆ ಬೀಳುತ್ತದೆ. ಅಲ್ಲಿಯವರೆಗೆ ನಿಮ್ಮ ಮೆಚ್ಚಿನ ಹೆಸರನ್ನು ಬಾಯಿಬಿಡಬೇಡಿ.

ಪ್ರಶ್ನೆ: ಕಂಪನಿಯ ಅಮೆರಿಕದ ಲೀಗ್‌ನಲ್ಲಿ ಬೆಂಗಳೂರಿನಿಂದ ಆಡುತ್ತೇನೆ. ಡ್ರಾಫ್ಟ್ ಯಾವಾಗ ಇಟ್ಟರೆ ಒಳ್ಳೆಯದು? ಆಟೋ ಪಿಕ್‌ಗೆ ಬಿಡಬಹುದೇ? (ಬೆಂಗಳೂರು)

ಆಗಸ್ಟ್ ಕೊನೆಯಲ್ಲಿ ಎನ್‌ಎಫ್‌ಎಲ್ ತಂಡಗಳು 53 ಮಂದಿಗೆ ಇಳಿಯುತ್ತವೆ. ಅದಾದ ಮೇಲೆ, ಮೊದಲ ಪಂದ್ಯಕ್ಕೆ ಮುಂಚೆ ಇಡಲು ಒತ್ತಾಯಿಸಿ. 2020ರ ಆಗಸ್ಟ್ 31ರಂದು ಜಾಕ್ಸನ್‌ವಿಲ್ ತನ್ನ ಮುಖ್ಯ ಓಟಗಾರ ಲಿಯೊನಾರ್ಡ್ ಫೋರ್ನೆಟ್‌ರನ್ನು ಕೈಬಿಟ್ಟಿತು. ಆ ಜಾಗಕ್ಕೆ ಬಂದ ಜೇಮ್ಸ್ ರಾಬಿನ್ಸನ್‌ರನ್ನು ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲೇ ಯಾರೂ ಆರಿಸಿರಲಿಲ್ಲ, ಅವರು 1,070 ಯಾರ್ಡ್ ಓಡಿದರು. ಬೇಗ ಡ್ರಾಫ್ಟ್ ಮುಗಿಸಿದವರ ಕೈಯಲ್ಲಿ ಫೋರ್ನೆಟ್ ಇದ್ದರು. 2021ರಲ್ಲಿ ಬಾಲ್ಟಿಮೋರ್‌ನ ಜೆ.ಕೆ. ಡಾಬಿನ್ಸ್ ಆಗಸ್ಟ್‌ನ ಅಭ್ಯಾಸ ಪಂದ್ಯದಲ್ಲೇ ಮಂಡಿಯ ಎಸಿಎಲ್ ಹರಿದುಕೊಂಡು ಇಡೀ ಸೀಸನ್ ಕಳೆದುಕೊಂಡರು.

ಅಲ್ಲಿನ ಈಸ್ಟರ್ನ್ ರಾತ್ರಿ 8 ಗಂಟೆಗೆ ಡ್ರಾಫ್ಟ್ ಇದ್ದರೆ ನಿಮಗೆ ಮರುದಿನ ಬೆಳಗಿನ 5.30. ಎದ್ದು ಕೂರಿ. ಆಟೋ ಪಿಕ್ ನಿಮ್ಮ ಬದಲು ತಾನೇ ಆಪ್‌ನ ಪಟ್ಟಿಯಂತೆ ಎತ್ತುತ್ತದೆ, ಅಗ್ಗದವರನ್ನು ಅದು ಹುಡುಕುವುದಿಲ್ಲ. ಏಳಲು ಆಗದಿದ್ದರೆ ಹಿಂದಿನ ರಾತ್ರಿ ನಿಮ್ಮದೇ ಪಟ್ಟಿ ಆಪ್‌ಗೆ ತುಂಬಿಸಿ ಮಲಗಿ. ಭಾನುವಾರದ ಮೊದಲ ಪಂದ್ಯಗಳು ನಿಮ್ಮ ರಾತ್ರಿ 10.30ಕ್ಕೆ, ಆಡದವರ ಪಟ್ಟಿ ಅದಕ್ಕೆ ಒಂದೂವರೆ ಗಂಟೆ ಮುಂಚೆ, 9ಕ್ಕೆ. ನವೆಂಬರ್‌ನಲ್ಲಿ ಅಲ್ಲಿನ ಗಡಿಯಾರ ತಿರುಗಿದ ಮೇಲೆ ಎಲ್ಲವೂ ಒಂದು ಗಂಟೆ ತಡ.

ಪ್ರಶ್ನೆ: ಅಗ್ಗಕ್ಕೆ ಕೊಂಡವನು ಮೊದಲ ವಾರ ಏನೂ ಮಾಡದಿದ್ದರೆ ಬಿಟ್ಟುಬಿಡಬೇಕೇ? (ಆಸ್ಟಿನ್)

ಅಂಕ ನೋಡಿ ಬಿಡಬೇಡಿ, ಸ್ನ್ಯಾಪ್ (ತಂಡ ಚೆಂಡು ಆಡಿದಾಗ ಅವನು ಮೈದಾನದಲ್ಲಿದ್ದ ಸಲ) ನೋಡಿ. 2023ರ ಮೊದಲ ವಾರ ಲಾಸ್ ಏಂಜಲೀಸ್ ರ‍್ಯಾಮ್ಸ್‌ನ ಕ್ಯಾಮ್ ಏಕರ್ಸ್‌ಗೆ 22 ಕ್ಯಾರಿ ಸಿಕ್ಕಿತು, ಓಡಿದ್ದು 29 ಯಾರ್ಡ್. ಮೈದಾನದಲ್ಲಿ ಹೆಚ್ಚು ಹೊತ್ತು ಇದ್ದವರು ಕೈರೆನ್ ವಿಲಿಯಮ್ಸ್. ಎರಡನೇ ವಾರ ಏಕರ್ಸ್ ಆಡುವ ಪಟ್ಟಿಯಲ್ಲೇ ಇರಲಿಲ್ಲ, ಅದೇ ತಿಂಗಳು ಮಿನೆಸೋಟಾಗೆ ಹೋದರು. ಬಹುಪಾಲು ಲೀಗ್‌ಗಳಲ್ಲಿ ಯಾರೂ ಆರಿಸದಿದ್ದ ವಿಲಿಯಮ್ಸ್ 12 ಪಂದ್ಯದಲ್ಲಿ 1,144 ಯಾರ್ಡ್ ಓಡಿದರು.

ಮೂರು ವಾರ ಕಾದು ನೋಡಿ. ಅರ್ಧದಷ್ಟು ಸ್ನ್ಯಾಪ್ ಸಿಗುತ್ತಿದ್ದರೆ ಇಟ್ಟುಕೊಳ್ಳಿ, ಅಂಕ ಹಿಂದೆ ಬರುತ್ತದೆ. ನಾಲ್ಕರಲ್ಲಿ ಒಂದು ಪಾಲೂ ಸಿಗದೆ, ಮುಂದಿನವನು ಆರೋಗ್ಯವಾಗಿಯೂ ಇದ್ದರೆ ಬಿಡಿ. ಆ ಸೀಟಿನಲ್ಲಿ ವೇವರ್‌ನಿಂದ, ಅಂದರೆ ಲೀಗ್‌ನಲ್ಲಿ ಯಾರ ತಂಡದಲ್ಲೂ ಇಲ್ಲದವರಿಂದ, ಇನ್ನೊಬ್ಬನನ್ನು ಕೂರಿಸಿ. ವೇವರ್ ಬಜೆಟ್ 100 ಡಾಲರ್ ಇದ್ದರೆ, ಮುಖ್ಯ ಓಟಗಾರನ ಜಾಗ ನಿಜವಾಗಿ ಹಿಡಿದವನಿಗೆ ಸೆಪ್ಟೆಂಬರ್‌ನಲ್ಲೇ 30–40 ಕೊಡಲು ಹಿಂಜರಿಯಬೇಡಿ. ಡಿಸೆಂಬರ್‌ನಲ್ಲಿ ಅದೇ ದುಡ್ಡಿಗೆ ಸಿಗುವುದು ಮೂರು ವಾರದ ಆಟ.