ಅಮೆರಿಕದ ಕಾಲೇಜ್ ಫುಟ್‌ಬಾಲ್ ಫೈನಲ್ ನೋಡೋಕೆ ಗೆಳೆಯರು ಮನೆಗೆ ಕರೆದಿದ್ದಾರೆ. ನನಗೆ ಗೊತ್ತಿರೋದು ಕ್ರಿಕೆಟ್ ಮಾತ್ರ. ಮಾರನೇ ದಿನ ಹೈಲೈಟ್ಸ್ ನೋಡಿದರೆ ಸಾಕಲ್ವಾ?

ಸಾಕಾಗಲ್ಲ, ಹೋಗಿ. ನಾನೂ ಇದೇ ಯೋಚನೆ ಇಟ್ಟುಕೊಂಡು, ಅರೆಮನಸ್ಸಿನಲ್ಲಿ ಹೋಗಿ ಕೂತವನು.

2018ರ ಜನವರಿ 8. ಆಗ ನಾನು ಜಾರ್ಜಿಯಾದ ಅಥೆನ್ಸ್‌ನಲ್ಲಿ ಓದುತ್ತಿದ್ದೆ. ಫೈನಲ್ ಪಕ್ಕದ ಅಟ್ಲಾಂಟಾದಲ್ಲೇ. ಅದೂ ನಮ್ಮ ಜಾರ್ಜಿಯಾ ವಿಶ್ವವಿದ್ಯಾಲಯದ ತಂಡಕ್ಕೂ ಅಲಬಾಮಾ ವಿಶ್ವವಿದ್ಯಾಲಯದ ತಂಡಕ್ಕೂ. ಟಿಕೆಟ್ ಬೆಲೆ ನಮ್ಮಂಥವರ ಕೈಗೆ ಎಟುಕುವಂತಿರಲಿಲ್ಲ. ರೂಮ್‌ಮೇಟ್ ತನ್ನ ಮನೆಗೆ ಕರೆದುಕೊಂಡು ಹೋದ. ಜಾರ್ಜಿಯಾ ಅದಕ್ಕೆ ಮುಂಚೆ ರಾಷ್ಟ್ರೀಯ ಚಾಂಪಿಯನ್ ಆಗಿದ್ದು 1980ರ ಸೀಸನ್‌ನಲ್ಲಿ, ಹರ್ಷಲ್ ವಾಕರ್ ಆಡುತ್ತಿದ್ದ ಕಾಲದಲ್ಲಿ. ರೂಮ್‌ಮೇಟ್‌ನ ಅಪ್ಪ ಆಗ ಅಲ್ಲಿ ವಿದ್ಯಾರ್ಥಿ. ಅವರು ಆವತ್ತು ಸೋಫಾದಲ್ಲಿ ಕೂರಲೇ ಇಲ್ಲ. ಇಡೀ ಆಟ ಅಡುಗೆಮನೆ ಬಾಗಿಲಿಗೆ ಒರಗಿ ನಿಂತೇ ನೋಡಿದರು.

ಅರ್ಧ ಆಟಕ್ಕೆ ಜಾರ್ಜಿಯಾ 13–0 ಮುಂದೆ. ಆಗ ಅಲಬಾಮಾ ಕೋಚ್ ನಿಕ್ ಸೇಬನ್, ಎರಡು ಸೀಸನ್ ತಂಡ ನಡೆಸಿದ್ದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಜೇಲನ್ ಹರ್ಟ್ಸ್‌ನನ್ನು ಕೂರಿಸಿ, ಮೊದಲ ವರ್ಷದ ಹುಡುಗ ಟುವಾ ಟಾಂಗೊವೈಲೋವಾನನ್ನು ಇಳಿಸಿದರು. ಫೈನಲ್ ಮಧ್ಯದಲ್ಲಿ! ಆ ಹುಡುಗ ಆಟವನ್ನು 20–20ಕ್ಕೆ ತಂದು ನಿಲ್ಲಿಸಿದ. ಕೊನೇ ಗಳಿಗೆಯಲ್ಲಿ 36 ಗಜದ ಕಿಕ್ ಕಂಬಗಳ ನಡುವೆ ಹೋಗಿದ್ದರೆ ಅಲಬಾಮಾ ಅಲ್ಲೇ ಗೆದ್ದಿರುತ್ತಿತ್ತು. ಅದು ಹೊರಗೆ ಹೋಯ್ತು. ಓವರ್‌ಟೈಮ್.

ಕಾಲೇಜ್ ಓವರ್‌ಟೈಮ್‌ನಲ್ಲಿ ಗಡಿಯಾರ ಓಡಲ್ಲ. ಎದುರಾಳಿಯ 25 ಗಜದ ಗೆರೆಯಿಂದ ಎರಡೂ ತಂಡಕ್ಕೆ ಒಂದೊಂದು ಸರದಿ. ಮೊದಲು ಜಾರ್ಜಿಯಾ. ಕನ್ನಡಕ ಹಾಕಿಕೊಂಡೇ ಆಡುತ್ತಿದ್ದ ರೊಡ್ರಿಗೊ ಬ್ಲಾಂಕೆನ್‌ಶಿಪ್ 51 ಗಜದಿಂದ ಕಿಕ್ ಹೊಡೆದ, ಮೂರು ಅಂಕ, 23–20. ಆಮೇಲೆ ಅಲಬಾಮಾ. ಮೊದಲ ಪ್ರಯತ್ನದಲ್ಲೇ ಜಾರ್ಜಿಯಾದವರು ಟುವಾನನ್ನು ಹಿಂದಕ್ಕೆ ಅಟ್ಟಿಸಿಕೊಂಡು ಹೋಗಿ, 16 ಗಜ ಹಿಂದೆ ಕೆಡವಿದರು. ಮನೆಯಲ್ಲಿ ಕೂಗಾಟವೋ ಕೂಗಾಟ.

ನಾನು ಎಡವಿದ್ದು ಇಲ್ಲೇ. ನಿಮಗೂ ಹೀಗೇ ಆಗುತ್ತೆ, ಅದಕ್ಕೇ ಬಿಡಿಸಿ ಹೇಳ್ತೀನಿ. ನಾಲ್ಕು ಪ್ರಯತ್ನದಲ್ಲಿ 10 ಗಜ ಮುಂದೆ ಹೋಗಬೇಕು, ಇದು ಆಟದ ಮೂಲ ಲೆಕ್ಕ. ಈಗ ಮೂರು ಪ್ರಯತ್ನ ಉಳಿದಿದೆ, ಬೇಕಾಗಿರೋದು 26 ಗಜ. ನನ್ನ ತಲೆಯಲ್ಲಿ ಓಡಿದ್ದು ರನ್‌ರೇಟ್. ಮೂರು ಬಾಲಿಗೆ 26 ಬೇಕು ಅಂದರೆ ನಾವು ಟಿವಿ ಆಫ್ ಮಾಡ್ತೀವಿ ಅಲ್ವಾ? ಕ್ರಿಕೆಟ್‌ನಲ್ಲಿ ಒಂದು ಬಾಲಿಗೆ ಸಿಕ್ಸರ್ ಹೊಡೆದರೂ ಆರೇ ರನ್. ಈ ಆಟದಲ್ಲಿ ಅಂಥ ಮಿತಿಯೇ ಇಲ್ಲ. ಒಂದೇ ಪಾಸ್‌ನಲ್ಲಿ 26 ಗಜವೂ ಬರಬಹುದು, ಮುಂದಿರುವ 41 ಗಜ ಪೂರ್ತಿಯೂ ಬರಬಹುದು. ಜೊತೆಗೆ ಅಲಬಾಮಾ ಸರದಿ ಎರಡನೆಯದು. ಅವರು ಟಚ್‌ಡೌನ್ ಹೊಡೆದರೆ, ಅಂದರೆ ಚೆಂಡನ್ನು ಕೊನೇ ಗೆರೆ ದಾಟಿಸಿ ಆರು ಅಂಕ ತಗೊಂಡರೆ, ಜಾರ್ಜಿಯಾಗೆ ಉತ್ತರ ಕೊಡೋ ಅವಕಾಶ ಇಲ್ಲ, ಆಟ ಅಲ್ಲಿಗೆ ಮುಗೀತು. ಇದೆಲ್ಲ ನನಗೆ ಬಾಯಿಪಾಠ ಬರುತ್ತಿತ್ತು. ಆದರೂ ಮನಸ್ಸು ಬಾಲ್ ಎಣಿಸುತ್ತಿತ್ತು.

ಹಾಗಾಗಿ ಫೋನ್ ತೆಗೆದೆ. ಹಾಸನದಲ್ಲಿ ಬೆಳಗ್ಗೆ ಹತ್ತು ದಾಟಿತ್ತು. "ಅಪ್ಪಾ, ಗೆದ್ವಿ" ಅಂತ ಟೈಪ್ ಮಾಡಿ ಕಳಿಸಿದೆ. ತಲೆ ಎತ್ತುವಷ್ಟರಲ್ಲಿ ಡೆವಾಂಟಾ ಸ್ಮಿತ್ ಚೆಂಡು ಹಿಡಿದು ಗೆರೆ ದಾಟಿದ್ದ. 41 ಗಜದ ಪಾಸ್. 26–23, ಅಲಬಾಮಾ ಚಾಂಪಿಯನ್. ಕೈಯಲ್ಲಿ ಫೋನ್ ಗುಂಯ್ ಅಂತು. ಅಪ್ಪ ಬರೆದಿದ್ದರು: "ಒಳ್ಳೇದಾಯ್ತು ಮಗಾ."

ಆಮೇಲೆ ಆ ಪಾಸ್ ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇನೆ. ಟುವಾ ಮೊದಲು ಬಲಕ್ಕೆ ನೋಡುತ್ತಾನೆ. ಹಿಂದೆ ಕಾಯುತ್ತಿದ್ದ ಜಾರ್ಜಿಯಾದ ಸೇಫ್ಟಿ, ಅಂದರೆ ಕೊನೇ ಸಾಲಿನ ರಕ್ಷಕ, ಆ ನೋಟ ನಂಬಿ ಎಡಕ್ಕೆ ಬರೋದು ತಡ ಮಾಡುತ್ತಾನೆ. ಚೆಂಡು ಎಡಕ್ಕೆ ಹೋಗುತ್ತೆ. ಎಲ್ಲ ಅರ್ಥವಾಯ್ತು, ಆದರೆ ಆ ರಾತ್ರಿ ಮನೆಯವರೆಲ್ಲ ಉಸಿರು ಹಿಡಿದುಕೊಂಡು ನೋಡಿದ್ದನ್ನು ನಾನು ನೋಡಲಿಲ್ಲ. ಹೈಲೈಟ್ಸ್‌ನಲ್ಲಿ ಟುವಾ ಬೀಳುವಾಗಲೇ ಮುಂದೆ ಏನಿದೆ ಅಂತ ನಿಮಗೆ ಗೊತ್ತಿರುತ್ತೆ. ಗೆದ್ದೆವು ಅಂತ ನಂಬಿದ ಆ ಅರ್ಧ ನಿಮಿಷ ಅದರಲ್ಲಿ ಸಿಗಲ್ಲ. ನನ್ನ ಮಟ್ಟಿಗೆ ಫೈನಲ್ ಅಂದರೆ ಅದೇ.

ಇನ್ನೊಂದು ವಿಷಯ. ಅದೇ ವರ್ಷ ಡಿಸೆಂಬರ್‌ನಲ್ಲಿ, ಅದೇ ಸ್ಟೇಡಿಯಂನಲ್ಲಿ, ಎಸ್‌ಇಸಿ (ಈ ಎರಡೂ ತಂಡಗಳಿರುವ ಪ್ರಾದೇಶಿಕ ಲೀಗ್) ಫೈನಲ್‌ನಲ್ಲಿ ಇವೇ ಎರಡು ತಂಡ. ಈ ಸಲ ಟುವಾಗೆ ಪೆಟ್ಟಾಯ್ತು. ಬೆಂಚಿನಿಂದ ಎದ್ದು ಬಂದು ಜಾರ್ಜಿಯಾವನ್ನು 35–28ರಲ್ಲಿ ಸೋಲಿಸಿದ್ದು ಜೇಲನ್ ಹರ್ಟ್ಸ್. ಜನವರಿಯಲ್ಲಿ ಅವನು ಹೆಲ್ಮೆಟ್ ತೆಗೆದು ಪಕ್ಕದಲ್ಲಿ ನಿಂತದ್ದನ್ನು ನೋಡಿದವರಿಗೆ ಮಾತ್ರ ಇದರ ತೂಕ ಗೊತ್ತು. ಜಾರ್ಜಿಯಾ ಕಡೆಗೂ ಗೆದ್ದದ್ದು 2022ರ ಜನವರಿಯಲ್ಲಿ, ಇಂಡಿಯಾನಪೊಲಿಸ್‌ನಲ್ಲಿ, ಇದೇ ಅಲಬಾಮಾ ಮೇಲೆ 33–18. ಆಗ ನಾನು ಬೆಂಗಳೂರಿನಲ್ಲಿದ್ದೆ. ಬೆಳಗ್ಗೆ ಆರೂವರೆಗೆ ಎದ್ದು ಕೂತು, ಫೋನ್ ಮುಟ್ಟದೆ ನೋಡಿದೆ.

ನಿಯಮ ಪೂರ್ತಿ ಕಲಿತು ಹೋಗ್ತೀನಿ ಅಂತ ಕಾಯಬೇಡಿ. ನಾಲ್ಕು ಪ್ರಯತ್ನ, 10 ಗಜ, ಇಷ್ಟು ತಲೆಯಲ್ಲಿದ್ದರೆ ಸಾಕು. ಕ್ರಿಕೆಟ್ ಲೆಕ್ಕ ಮನೆಯಲ್ಲೇ ಬಿಟ್ಟು ಹೋಗಿ. ಪಕ್ಕದಲ್ಲಿ ಆ ಕಾಲೇಜಿನಲ್ಲಿ ಓದಿದವರು ಯಾರಾದರೂ ಇದ್ದರೆ ಅವರ ಹತ್ತಿರ ಕೂರಿ. ಎರಡು ಪ್ಲೇ ನಡುವೆ ಸುಮ್ನೆ ಕೂತಂತೆ ಕಾಣುತ್ತೆ, ಆದರೆ ಯಾರು ಒಳಗೆ ಬಂದರು, ಸೇಫ್ಟಿಗಳು ಎಲ್ಲಿ ನಿಂತರು ಅಂತ ಅವರು ನೋಡುತ್ತಿರುತ್ತಾರೆ. ಕೇಳೋದಿದ್ದರೆ ಮೊದಲ ಅರ್ಧದಲ್ಲೇ ಸಂಕೋಚ ಬಿಟ್ಟು ಕೇಳಿ. ಕೊನೇ ಕ್ವಾರ್ಟರ್‌ನಲ್ಲಿ ಯಾರೂ ಉತ್ತರ ಕೊಡಲ್ಲ.