ಆ ದುಂಡು ಚೌಕಟ್ಟಿನಲ್ಲಿ ಯಾರ ಮುಖ?

(ಚಿಂತಾಮಣಿಯಲ್ಲಿ ಫೋಟೋ ಸ್ಟುಡಿಯೋ ನಡೆಸುವವರು ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ)

ಪ್ರಶ್ನೆ: ನಾನು ಶಿಡ್ಲಘಟ್ಟ ತಾಲ್ಲೂಕಿನವಳು. ವಯಸ್ಸು 57. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತೇವೆ. ನಮ್ಮ ಯಜಮಾನರು ತೀರಿಕೊಂಡು ಒಂದೂವರೆ ವರ್ಷವಾಯಿತು. ಅವರ ಮೊಬೈಲನ್ನೇ ನಾನು ಬಳಸುತ್ತಿದ್ದೇನೆ. ವಾಟ್ಸ್‌ಆ್ಯಪ್‌ನಲ್ಲಿ ಮೊಮ್ಮಗಳು ನನ್ನ ಫೋಟೋ ಹಾಕಿಕೊಟ್ಟಳು. ಜಿಮೇಲ್‌ನಲ್ಲಿ ಮಾತ್ರ ಈಗಲೂ ಅವರದೇ ಫೋಟೋ, ಅವರದೇ ಹೆಸರು. ಹೋದ ತಿಂಗಳು ನಮ್ಮ ಮಹಿಳಾ ಸಂಘದ ಮೀಟಿಂಗು ಮೊಬೈಲಿನಲ್ಲೇ ನಡೆಯಿತು. ನಾನು ಕ್ಯಾಮೆರಾ ಆನ್ ಮಾಡಿರಲಿಲ್ಲ. ಮಾತಾಡಲು ಶುರು ಮಾಡಿದಾಗ ಎಲ್ಲರ ಪರದೆ ಮೇಲೂ ಅವರ ಮುಖ ಬಂದಿದೆ. ಒಂದು ಗಳಿಗೆ ಯಾರೂ ಉಸಿರೆತ್ತಲಿಲ್ಲ. ಇದನ್ನು ಬದಲಾಯಿಸುವುದು ಹೇಗೆ? ಬದಲಾಯಿಸಿದರೆ ಅವರ ಫೋಟೋ ಅಳಿಸಿಹೋಗುತ್ತದಾ? ‘ಇರಲಿ ಬಿಡಮ್ಮ’ ಅನ್ನುತ್ತಾನೆ ಮಗ. ತೆಗೆದರೆ ತಪ್ಪಾಗುತ್ತದಾ? ನನ್ನವು ಎರಡು ಫೋಟೋ ಕಳಿಸಿದ್ದೇನೆ. ಯಾವುದು ಹಾಕಲಿ?

ಉತ್ತರ: ಅಕ್ಕಾ, ತಪ್ಪಿಲ್ಲ. ಮೊದಲು ಅದನ್ನು ಹೇಳಿಬಿಡುತ್ತೇನೆ. ಸಂಘದಲ್ಲಿ ಮಾತಾಡುತ್ತಿರುವುದು ನೀವು. ಸಾಲದ ಕಂತಿನ ಲೆಕ್ಕ ಹೇಳುತ್ತಿರುವುದು ನೀವು. ಆ ಮಾತು ಯಾರದೋ ಅವರ ಮುಖ ಅಲ್ಲಿ ಕಾಣಬೇಕು.

ಇದನ್ನು ಇಷ್ಟು ಗಟ್ಟಿಯಾಗಿ ಹೇಳಲು ಕಾರಣವಿದೆ. ನನ್ನ ಸ್ಟುಡಿಯೋಗೆ ವಿಧವಾ ವೇತನದ ಅರ್ಜಿಗೆ ಫೋಟೋ ಬೇಕು ಅಂತ ಹೆಣ್ಣುಮಕ್ಕಳು ಬರುತ್ತಾರೆ. ಸ್ಟೂಲಿನ ಮೇಲೆ ಕೂರಿಸಿ, ‘ಯಾವಾಗಲಾದರೂ ಒಬ್ಬರೇ ಫೋಟೋ ತೆಗೆಸಿಕೊಂಡಿದ್ದೀರಾ?’ ಅಂತ ಕೇಳುತ್ತೇನೆ. ಎಷ್ಟೋ ಜನ ಇಲ್ಲ ಅಂತಾರೆ. ಮದುವೆ ಫೋಟೋದಲ್ಲಿ ಗಂಡನ ಪಕ್ಕ, ಆಮೇಲೆ ಮಕ್ಕಳ ಹಿಂದೆ, ಆಮೇಲೆ ನೆಂಟರ ಗುಂಪಿನಲ್ಲಿ. ಅವರ ಮುಖ ಒಂದೇ ಇರುವ ಮೊದಲ ಫೋಟೋ ಅಂದರೆ ಅರ್ಜಿಗೆ ಅಂಟಿಸುವ ಆ ಪಾಸ್‌ಪೋರ್ಟ್ ಸೈಜಿನದು.

ನಮ್ಮಮ್ಮನದೂ ಅದೇ ಕಥೆ. ಅವರು 2009ರಲ್ಲಿ ಹೋದರು. ಗೋಡೆಗೆ ಹಾಕಲು ಅವರದೊಂದು ಫೋಟೋ ಹುಡುಕಿದರೆ ಮನೆಯಲ್ಲಿ ಸಿಗಲಿಲ್ಲ. ನನ್ನ ತಂಗಿಯ ಮದುವೆ ಗುಂಪು ಫೋಟೋದಲ್ಲಿ ಹಿಂದಿನ ಸಾಲಿನಲ್ಲಿ ನಿಂತಿದ್ದರು. ಅದರಿಂದ ಮುಖ ಮಾತ್ರ ಬಿಡಿಸಿ ದೊಡ್ಡದು ಮಾಡಿದೆ. ಕಣ್ಣೆಲ್ಲ ಮಸುಕಾಗಿದೆ. ಎಡಗಡೆ ಯಾರದೋ ಹಸಿರು ಸೀರೆಯ ಭುಜ ಹಾಗೇ ಉಳಿದಿದೆ. ಅದು ಯಾರ ಭುಜ ಅಂತ ಇವತ್ತಿಗೂ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ನಿಮ್ಮ ಮೊಮ್ಮಗಳು ನಿಮ್ಮ ಫೋಟೋ ತೆಗೆದಳು ಅಂತ ಓದಿದಾಗ ಮನಸ್ಸಿಗೆ ತುಂಬಾ ಸಮಾಧಾನವಾಯಿತು.

ಈಗ ಕೆಲಸಕ್ಕೆ ಬರೋಣ. ವಾಟ್ಸ್‌ಆ್ಯಪ್ ಬೇರೆ, ಗೂಗಲ್ ಬೇರೆ. ಒಂದರಲ್ಲಿ ಫೋಟೋ ಬದಲಾಯಿಸಿದರೆ ಇನ್ನೊಂದಕ್ಕೆ ಅದರ ಸುಳಿವೂ ಇರುವುದಿಲ್ಲ. ಆದರೆ ಜಿಮೇಲ್, ಮೀಟಿಂಗಿನ ಗೂಗಲ್ ಮೀಟ್ ಎಲ್ಲಕ್ಕೂ ಗೂಗಲ್ ಖಾತೆ ಒಂದೇ. ಅಲ್ಲಿ ಒಂದು ಸಲ ಬದಲಾಯಿಸಿದರೆ ಸಾಕು.

ಜಿಮೇಲ್ ತೆಗೆಯಿರಿ. ಮೇಲೆ ಬಲಗಡೆ ಮೂಲೆಯಲ್ಲಿ ಯಜಮಾನರ ಮುಖ ದುಂಡಗೆ ಕಾಣುತ್ತದಲ್ವಾ, ಅದನ್ನು ಒತ್ತಿ. ಅವರ ಚಿತ್ರ ಇನ್ನೊಂದು ಸಲ ಸ್ವಲ್ಪ ದೊಡ್ಡದಾಗಿ ಬರುತ್ತದೆ. ಅದರ ಅಂಚಿನಲ್ಲಿ ಪುಟ್ಟ ಕ್ಯಾಮೆರಾ ಗುರುತು ಇರುತ್ತದೆ. ಅದನ್ನು ಒತ್ತಿದರೆ ಫೋಟೋ ಬದಲಾಯಿಸುವ ಜಾಗಕ್ಕೆ ಹೋಗುತ್ತೀರಿ. ಮೊಬೈಲಿನಲ್ಲಿರುವ ಫೋಟೋ ಆರಿಸಿ, ಮುಖ ದುಂಡಿನ ನಡುವೆ ಬರುವ ಹಾಗೆ ಜರುಗಿಸಿ, ಸೇವ್ ಮಾಡಿ. ಹೆಸರಿಗೆ ಬೇರೆ ಜಾಗ. ಅದೇ ಮೂಲೆಯ ಚಿತ್ರ ಒತ್ತಿ, ಗೂಗಲ್ ಖಾತೆ ನಿರ್ವಹಿಸುವ ಬಟನ್ ಒತ್ತಿದರೆ ವೈಯಕ್ತಿಕ ಮಾಹಿತಿ ಅಂತ ಬರುತ್ತದೆ. ಅಲ್ಲಿ ಹೆಸರು ತಿದ್ದಬಹುದು. ಇಮೇಲ್ ವಿಳಾಸ ಮೊದಲಿನದೇ ಇರುತ್ತದೆ, ಅದಕ್ಕೆ ಗಾಬರಿ ಬೇಡ.

ಸೇವ್ ಮಾಡಿದ ತಕ್ಷಣ ಎಲ್ಲ ಕಡೆ ಹೊಸ ಮುಖ ಬರಲಿಲ್ಲ ಅಂತ ಮತ್ತೆ ಮತ್ತೆ ಒತ್ತಬೇಡಿ. ಹಳೆಯ ಚಿತ್ರದ ಒಂದು ಪ್ರತಿ ಬೇರೆಯವರ ಮೊಬೈಲುಗಳಲ್ಲಿ ಉಳಿದಿರುತ್ತದೆ. ಒಂದೆರಡು ದಿನ ಬಿಟ್ಟು ನೋಡಿ. ಇನ್ನೊಂದು ವಿಷಯ. ನೀವು ಫೋನು ಮಾಡಿದಾಗ ನೆಂಟರ ಮೊಬೈಲಿನಲ್ಲಿ ಈಗಲೂ ಯಜಮಾನರ ಮುಖವೇ ಬಂದರೆ, ಅದು ಅವರೇ ತಮ್ಮ ಕಾಂಟ್ಯಾಕ್ಟ್‌ನಲ್ಲಿ ಸೇರಿಸಿಕೊಂಡ ಫೋಟೋ. ನಿಮ್ಮ ಕಡೆಯಿಂದ ಅದನ್ನು ತೆಗೆಯಲು ಆಗುವುದಿಲ್ಲ. ಅವರೇ ತೆಗೆಯಬೇಕು.

ನೀವು ಕೇಳದ ಒಂದು ಮಾತನ್ನೂ ಹೇಳಲೇಬೇಕು. ಖಾತೆಯ ಪಾಸ್‌ವರ್ಡ್ ಮರೆತರೆ ಕೋಡ್ ಬರಲಿ ಅಂತ ಒಂದು ರಿಕವರಿ ನಂಬರು ಕೊಟ್ಟಿರುತ್ತಾರೆ. ಅದು ಯಜಮಾನರ ಯಾವುದಾದರೂ ಹಳೆಯ ಸಿಮ್ಮಿನದಾ ನೋಡಿ. ರೀಚಾರ್ಜ್ ಮಾಡದ ಸಿಮ್ ನಿಂತುಹೋಗುತ್ತದೆ, ಆಮೇಲೆ ಆ ನಂಬರು ಯಾರಿಗೋ ಸೇರುತ್ತದೆ. ಫೋಟೋ ಬದಲಾಯಿಸುವ ದಿನವೇ ನಿಮ್ಮ ನಂಬರು ಹಾಕಿ. ಇದಕ್ಕೆ ಮಗನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಈ ಖಾತೆ ಬಿಟ್ಟು ಹೊಸದು ಮಾಡಿಸಿಕೊಳ್ಳಿ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. 2 ವರ್ಷ ಯಾರೂ ಬಳಸದ ಖಾತೆಯನ್ನು ಗೂಗಲ್ ಅಳಿಸಿಹಾಕಬಹುದು. ಅದರೊಳಗೆ ಯಜಮಾನರು ತೆಗೆದ ಫೋಟೋಗಳಿದ್ದರೆ ಅವೂ ಹೋಗುತ್ತವೆ. ನೀವು ಇದನ್ನೇ ಬಳಸುತ್ತಿದ್ದರೆ ಆ ಭಯವಿಲ್ಲ.

ಅವರ ಮುಖ ಅಳಿಸಿಹೋಗುತ್ತದಾ ಅಂತ ಕೇಳಿದ್ದೀರಿ. ಗೂಗಲ್‌ನಲ್ಲಿ ಹಿಂದಿನ ಪ್ರೊಫೈಲ್ ಚಿತ್ರಗಳು ಉಳಿಯುತ್ತವೆ, ಬೇಕಾದಾಗ ನೋಡಬಹುದು. ಆದರೆ ಅದನ್ನೇ ನಂಬಿಕೊಂಡು ಇರಬೇಡಿ. ಆ ದುಂಡು ಚಿತ್ರ ಚಿಕ್ಕದು, ಗೋಡೆಗೆ ಹಾಕುವಷ್ಟು ದೊಡ್ಡದು ಮಾಡಿದರೆ ಒಡೆದುಹೋಗುತ್ತದೆ. ಮನೆಯಲ್ಲಿ ಅವರ ಕಟ್ಟು ಹಾಕಿಸಿದ ಫೋಟೋ ಇದ್ದೇ ಇರುತ್ತದೆ. ಅದರಿಂದ ಒಂದು ಒಳ್ಳೆಯ ಪ್ರತಿ ಮಾಡಿಟ್ಟುಕೊಳ್ಳಿ.

ಬೆಳಗ್ಗೆ ಎಂಟು, ಒಂಬತ್ತು ಗಂಟೆಗೆ ಕಟ್ಟನ್ನು ಗೋಡೆಯಿಂದ ಇಳಿಸಿ ಜಗಲಿಗೆ ತನ್ನಿ. ನೆರಳಿರಬೇಕು, ಬೆಳಕೂ ಇರಬೇಕು. ಊದುಬತ್ತಿ ಹೊಗೆಗೆ ಗಾಜಿನ ಮೇಲೆ ಹಳದಿ ಪೊರೆ ಕೂತಿರುತ್ತದೆ. ಹಿಂದಿನ ಮೊಳೆ ಸಡಿಲಿಸಿ, ಒಂದು ಮೂಲೆ ಮಾತ್ರ ಮೆಲ್ಲಗೆ ಎತ್ತಿ ನೋಡಿ. ಸಲೀಸಾಗಿ ಬಂದರೆ ಗಾಜು ತೆಗೆದಿಡಿ. ಫೋಟೋ ಗಾಜಿಗೆ ಅಂಟಿಕೊಂಡಿದ್ದರೆ ದಯವಿಟ್ಟು ಎಳೆಯಬೇಡಿ. ಒಂದೆರಡು ಮಳೆಗಾಲ ಕಂಡ ಗೋಡೆಯ ಫೋಟೋಗಳು ಹಾಗೆ ಅಂಟುತ್ತವೆ. ಎಳೆದರೆ ಬಣ್ಣದ ಪದರ ಗಾಜಿನ ಮೇಲೇ ಉಳಿದು, ಕೈಯಲ್ಲಿ ಬಿಳಿ ಕಾಗದ ಬರುತ್ತದೆ. ಒಂದು ಮನೆಯವರು ಹಾಗೆ ಎರಡು ಹೋಳಾದ ಮುಖ ತಂದು ನನ್ನ ಟೇಬಲ್ ಮೇಲಿಟ್ಟು ಅತ್ತಿದ್ದಾರೆ. ಅಂಟಿದ್ದರೆ ಗಾಜನ್ನು ಒದ್ದೆ ಬಟ್ಟೆ ಹಿಂಡಿ ಒರೆಸಿ, ಗಾಜಿನ ಮೇಲಿಂದಲೇ ಫೋಟೋ ತೆಗೆಯಿರಿ. ನಿಮ್ಮ ನೆರಳು, ಸೀರೆಯ ಬಣ್ಣ ಗಾಜಿನಲ್ಲಿ ಕಾಣದಿರಲಿ ಅಂತ ಮೊಮ್ಮಗಳು ಎದುರಿಗೆ ಒಂದು ಕಪ್ಪು ಬಟ್ಟೆ ಹಿಡಿಯಲಿ. ಫ್ಲ್ಯಾಶ್ ಬೇಡ. ಮೊಬೈಲು ಫೋಟೋಗೆ ಸರಿಸಮವಾಗಿರಲಿ, ಓರೆಯಾದರೆ ಮುಖ ಉದ್ದವಾಗುತ್ತದೆ. ತೆಗೆದದ್ದನ್ನು ಮಗನಿಗೂ ಕಳಿಸಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ತೆಳುವಾಗುತ್ತದೆ, ಡಾಕ್ಯುಮೆಂಟ್ ಅಂತ ಕಳಿಸಿದರೆ ಹಾಗೇ ಹೋಗುತ್ತದೆ.

ಇನ್ನು ನಿಮ್ಮ ಎರಡು ಫೋಟೋ. ಮೊದಲನೆಯದು ಕಲ್ಯಾಣ ಮಂಟಪದ್ದು. ತಲೆಯಿಂದ ಕಾಲಿನವರೆಗೂ ಇದೆ. ಸೀರೆ ಚೆನ್ನಾಗಿದೆ. ಆದರೆ ಮುಖ ಬೆಳ್ಳಗೆ ಮಾಡಿದ್ದಾರೆ, ಮೈಬಣ್ಣವೇ ಹೋಗಿದೆ. ದುಂಡಿನೊಳಗೆ ಹಾಕಿದರೆ ಮುಖ ಹುರುಳಿಕಾಳಿನಷ್ಟಾಗುತ್ತದೆ. ಎರಡನೆಯದು ಹುಳು ಮನೆ ಬಾಗಿಲಲ್ಲಿ ಮೊಮ್ಮಗಳು ತೆಗೆದದ್ದು. ಹಿಂದೆ ಹುಳು ಗೂಡು ಕಟ್ಟುವ ಚಂದ್ರಿಕೆ ಒರಗಿಸಿದೆ. ಕೂದಲಿನಲ್ಲಿ ಒಂದು ಸೊಪ್ಪಿನ ಚೂರು ಸಿಕ್ಕಿಕೊಂಡಿದೆ. ಅವಳೇನೋ ಹೇಳಿರಬೇಕು, ನೀವು ನಗುತ್ತಿದ್ದೀರಿ. ಬಾಗಿಲಿನ ಬೆಳಕು ಮುಖದ ಮೇಲೆ ನೇರ ಬಿದ್ದಿದೆ, ಎರಡು ಕಣ್ಣಿನಲ್ಲೂ ಬೆಳಕಿನ ಚುಕ್ಕಿ ಇದೆ. ಸ್ಟುಡಿಯೋದಲ್ಲಿ ಆ ಚುಕ್ಕಿ ಬರಿಸಲು ನಾನು ದೀಪ ಜರುಗಿಸಿ ಜರುಗಿಸಿ ಇಡುತ್ತೇನೆ. ಅಕ್ಕಾ, ಅದನ್ನೇ ಹಾಕಿ. ಸೊಪ್ಪಿನ ಚೂರನ್ನೂ ಅಳಿಸಬೇಡಿ. ಮತ್ತೊಂದು ತೆಗೆಸಿಕೊಳ್ಳುವುದಾದರೆ ಮೊಮ್ಮಗಳನ್ನು ಒಂದು ಮೆಟ್ಟಿಲ ಮೇಲೆ ನಿಲ್ಲಿಸಿ. ಅವಳು ಕುಳ್ಳಿ, ಕೆಳಗಿನಿಂದ ತೆಗೆದದ್ದರಿಂದ ಗದ್ದ ಸ್ವಲ್ಪ ಜಾಸ್ತಿ ಕಾಣುತ್ತಿದೆ. ಮೊಬೈಲಿನ ಹಿಂದಿನ ಗಾಜನ್ನು ಸೆರಗಿನಲ್ಲಿ ಒಮ್ಮೆ ಒರೆಸಲಿ.

ಪ್ರಶ್ನೆ: ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಮಂಡಿ ಇದೆ. ಯಾರೋ ನನ್ನ ಡಿಪಿ ಕದ್ದು ಬೇರೆ ನಂಬರಿಗೆ ಹಾಕಿಕೊಂಡು, ನಮ್ಮ ರೈತರೊಬ್ಬರ ಹತ್ತಿರ ದುಡ್ಡು ಕೇಳಿದ್ದಾರೆ. ಅವರು ಫೋನು ಮಾಡಿ ವಿಚಾರಿಸಿದ್ದರಿಂದ ದುಡ್ಡು ಉಳಿಯಿತು. ಡಿಪಿ ತೆಗೆದುಬಿಡಲಾ?

ಉತ್ತರ: ಆ ರೈತರು ಮಾಡಿದ್ದೇ ಸರಿಯಾದ ಕೆಲಸ. ಮುಖ ನೋಡಿ ನಂಬದೆ, ತಮ್ಮ ಹತ್ತಿರ ಇದ್ದ ಹಳೆಯ ನಂಬರಿಗೆ ಫೋನು ಮಾಡಿದರು. ನಿಮ್ಮ ಗ್ರೂಪುಗಳಲ್ಲೆಲ್ಲ ಈ ಮಾತು ಇವತ್ತೇ ಹಾಕಿ. ಆ ಮೋಸದ ನಂಬರನ್ನು ವಾಟ್ಸ್‌ಆ್ಯಪ್‌ನಲ್ಲಿ ರಿಪೋರ್ಟ್ ಮಾಡಲು ರೈತರಿಗೂ ಹೇಳಿ. ಯಾರದಾದರೂ ದುಡ್ಡು ಹೋಗಿದ್ದರೆ ಒಂದು ನಿಮಿಷವೂ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಿಸಿ, ಆಮೇಲೆ ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ. ಬೇಗ ತಿಳಿಸಿದಷ್ಟೂ ಬ್ಯಾಂಕಿನಲ್ಲಿ ದುಡ್ಡು ತಡೆಹಿಡಿಯುವ ಅವಕಾಶ ಜಾಸ್ತಿ.

ಡಿಪಿ ವಿಷಯ. ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ, ಅದರೊಳಗೆ ಪ್ರೊಫೈಲ್ ಫೋಟೋ ಅಂತ ಇದೆ. ‘ನನ್ನ ಕಾಂಟ್ಯಾಕ್ಟ್‌ಗಳು’ ಅಂತ ಆರಿಸಿದರೆ ನೀವು ಸೇವ್ ಮಾಡಿಕೊಂಡವರಿಗೆ ಮಾತ್ರ ಕಾಣುತ್ತದೆ. ಬೇರೆಯವರ ಡಿಪಿಯ ಸ್ಕ್ರೀನ್‌ಶಾಟ್ ತೆಗೆಯಲು ವಾಟ್ಸ್‌ಆ್ಯಪ್ ಈಗ ಬಿಡುವುದಿಲ್ಲ, ನಿಜ. ಆದರೆ ಇನ್ನೊಂದು ಮೊಬೈಲಿನಲ್ಲಿ ಪರದೆಯ ಫೋಟೋ ಹೊಡೆದರೆ ತಡೆಯುವವರು ಯಾರು? ನಿಮಗೆ ದಿನಾ ಹೊಸ ರೈತರು, ಹೊಸ ಲಾರಿಯವರು ಮೆಸೇಜು ಹಾಕುತ್ತಾರೆ. ಅವರಿಗೆ ಖಾಲಿ ದುಂಡು ಕಂಡರೆ ನಂಬಿಕೆ ಬರುವುದಿಲ್ಲ. ವ್ಯಾಪಾರದ ನಂಬರಿಗೆ ಮಂಡಿಯ ಬೋರ್ಡು ಕಾಣುವ ಫೋಟೋ ಹಾಕಿ, ಎಲ್ಲರಿಗೂ ಕಾಣಲಿ. ಮನೆಯ ನಂಬರಿಗೆ ನಿಮ್ಮ ಮುಖ ಹಾಕಿ, ಪರಿಚಯದವರಿಗಷ್ಟೇ ಕಾಣಲಿ. ಮಕ್ಕಳನ್ನು ಎತ್ತಿಕೊಂಡಿರುವ ಫೋಟೋ ಎರಡರಲ್ಲೂ ಬೇಡ.

ಪ್ರಶ್ನೆ: ತಿಪಟೂರಿನಿಂದ. ಆಧಾರ್‌ನಲ್ಲಿ ನನ್ನ ಫೋಟೋ ಗುರುತೇ ಸಿಗದ ಹಾಗಿದೆ. ಜಿಮೇಲ್‌ನಲ್ಲಿ ಬದಲಾಯಿಸಿದಂತೆ ಇದನ್ನೂ ಮೊಬೈಲಿನಲ್ಲೇ ಬದಲಾಯಿಸಬಹುದಾ?

ಉತ್ತರ: ಆಗುವುದಿಲ್ಲ. ಆಧಾರ್ ಕೇಂದ್ರಕ್ಕೆ ನೀವೇ ಹೋಗಬೇಕು. ಫೋಟೋವನ್ನು ಅಲ್ಲೇ ತೆಗೆಯುತ್ತಾರೆ, ಅದಕ್ಕೆ ಶುಲ್ಕವಿದೆ, ರಸೀದಿ ಕೊಡುತ್ತಾರೆ. ನನ್ನ ಹತ್ತಿರವೂ ‘ಆಧಾರ್‌ಗೆ ಪಾಸ್‌ಪೋರ್ಟ್ ಫೋಟೋ ಬೇಕು’ ಅಂತ ಬರುತ್ತಾರೆ. ಸುಮ್ನೆ ದುಡ್ಡು ದಂಡ, ಬೇಡ ಅಂತ ಹೇಳಿ ಕಳಿಸುತ್ತೇನೆ. ಮನೆಯಲ್ಲೇ ಆಧಾರ್ ಫೋಟೋ ಬದಲಾಯಿಸಿಕೊಡುತ್ತೇವೆ ಅಂತ ಯಾರಾದರೂ ಲಿಂಕ್ ಕಳಿಸಿದರೆ ಅದನ್ನು ಒತ್ತಬೇಡಿ. ಕೇಂದ್ರದಲ್ಲಿ ಕೂತಾಗ ಬೆಳಕು ಬೆನ್ನ ಹಿಂದೆ ಇದ್ದರೆ, ಕುರ್ಚಿ ಸ್ವಲ್ಪ ತಿರುಗಿಸಿ ಅಂತ ಕೇಳಿ. ಕ್ಯಾಮೆರಾ ಒತ್ತುವ ಮೊದಲು ಒಮ್ಮೆ ಕಣ್ಣು ಮುಚ್ಚಿ ತೆರೆಯಿರಿ.